ಎಡೆಗೆ ಇಟ್ಟ ಮಾತ್ರೆ

ಡಬ್ಬಿಯ ಮುಚ್ಚಳ ತೆಗೆದು ಸುಬ್ಬಮ್ಮ ಒಳಗಿದ್ದ ಮಾತ್ರೆಯ ಶೀಟುಗಳನ್ನು ಒಂದೊಂದಾಗಿ ಮಡಿಲಿಗೆ ಹಾಕಿಕೊಂಡಳು. ಮೊದಲನೆಯದು ಖಾಲಿ. ಎರಡನೆಯದೂ ಖಾಲಿ. ತಳದಲ್ಲಿದ್ದವನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದಳು, ಎಲ್ಲಾದರೂ ಒಂದು ಉಳಿದಿದ್ದೀತೆಂದು ಕಿಟಕಿಯ ಬೆಳಕಿಗೆ ಹಿಡಿದಳು. ಬೆಳ್ಳಿ ಬಣ್ಣದ ಹಾಳೆ ಹರಿದು ಬರೀ ಗುಳಿಗಳು ಉಳಿದಿದ್ದವು. ಯಾರೋ ಮಾತ್ರೆಗಳನ್ನೆಲ್ಲ ತಿಂದು, ಡಬ್ಬಿ ಎತ್ತಿದರೆ ಗೊತ್ತಾಗದಿರಲೆಂದು ಖಾಲಿ ಶೀಟುಗಳನ್ನು ಮತ್ತೆ ಹಾಗೇ ಜೋಡಿಸಿ ಇಟ್ಟಿದ್ದರು.

ಗಂಡ ದೊಡ್ಡಬೈರಪ್ಪ ಕಣ್ಣು ಮುಚ್ಚಿ ಅಂದಿಗೆ ವರ್ಷ. ಅವರು ಮಲಗುತ್ತಿದ್ದ ಕೋಣೆಯಲ್ಲೇ ಗೋಡೆಗೆ ಫೋಟೋ ಒರಗಿಸಿ, ಹೊಸ ಪಂಚೆ ಟವೆಲು ಮಡಿಸಿಟ್ಟು, ಮುಂದೆ ಬಾಳೆಯೆಲೆ ಹಾಸಿ ಎಡೆಗೆ ಸಿದ್ಧ ಮಾಡಿದ್ದರು. ರಾಗಿಮುದ್ದೆ, ಮಟನ್ ಸಾರು, ಕುರಿಯ ಲಿವರ್ ಹುರಿದದ್ದು, ವಡೆ, ಒಂದು ಕಟ್ಟು ಬೀಡಿ. ಬದುಕಿದ್ದಾಗ ಅಪ್ಪನ ಬಾಯಿಗೆ ಒಂದು ಗುಟುಕು ಸಿಗದಂತೆ ಬೀರುವಿಗೆ ಬೀಗ ಜಡಿದಿದ್ದ ಮಗ ಶಶಿಕುಮಾರನೇ ಈಗ ಫಾರಿನ್ ಬ್ರಾಂದಿ ತರಿಸಿ ಎಲೆಯ ಬಲಕ್ಕೆ ನಿಲ್ಲಿಸಿದ್ದ. ಸತ್ತವರಿಗೆ ಬೇಕಾದದ್ದನ್ನೆಲ್ಲ ಇಟ್ಟು, ಬಾಗಿಲೆಳೆದುಕೊಂಡು ಹೊರಗೆ ನಿಲ್ಲುವುದು ಅವರ ಕುಲದ ಪದ್ಧತಿ. ಹೋದವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಬಾಗಿಲು ತೆಗೆದು ಆ ಎಡೆಯನ್ನೇ ಮನೆಯವರು ಹಂಚಿಕೊಳ್ಳಬೇಕು. ಎಡೆಯದ್ದನ್ನು ಬೇಡ ಎನ್ನುವ ಹಾಗಿಲ್ಲ, ಹಾಗೆ ಅಂದವರನ್ನು ಸುಬ್ಬಮ್ಮ ತನ್ನ ಇಡೀ ಜನ್ಮದಲ್ಲಿ ಕಂಡಿರಲಿಲ್ಲ.

ಮಾತ್ರೆಯೇನೂ ಇಷ್ಟದ ವಸ್ತುವಲ್ಲ. ಆದರೆ ಸಕ್ಕರೆ ಕಾಯಿಲೆ ಬಂದಂದಿನಿಂದ ದೊಡ್ಡಬೈರಪ್ಪ ಅದಿಲ್ಲದೆ ಊಟಕ್ಕೆ ಕೂತವರಲ್ಲ. ತಟ್ಟೆಯ ಮುಂದೆ ಕೂತು ಅಂಗೈ ಚಾಚುತ್ತಿದ್ದರು, ಸುಬ್ಬಮ್ಮ ಅದರಲ್ಲಿ ಮಾತ್ರೆ ಹಾಕುತ್ತಿದ್ದಳು. "ನೀನು ಕೊಟ್ರೆ ವಿಷಾನೂ ಇಳಿಯುತ್ತೆ ಕಣೆ" ಎಂದು ದಿನವೂ ಅದೇ ತಮಾಷೆ. ಅವರು ಹೋದ ಮೇಲೆ ಆ ಡಬ್ಬಿಯನ್ನು, ಕನ್ನಡಕವನ್ನು ಅವಳು ದೇವರ ಪಕ್ಕದ ಅಲಮಾರಿನಲ್ಲಿ ಇಟ್ಟಿದ್ದಳು. ದೀಪ ಹಚ್ಚುವಾಗ ಡಬ್ಬಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವಳೇ ಹೊರತು ಮುಚ್ಚಳ ತೆಗೆಯುವ ಧೈರ್ಯ ಬಂದಿರಲಿಲ್ಲ. ಇವತ್ತು ಎಡೆಗೆ ಅದೂ ಇರಲಿ ಎಂದು ತೆಗೆದಿದ್ದಳು.

"ಏನತ್ತೆ, ಇನ್ನೂ ಇಲ್ಲೇ ಕೂತಿದೀರಾ? ನೆಂಟರು ಕಾಯ್ತಾವ್ರೆ" ಎನ್ನುತ್ತ ಸೊಸೆ ವಾಣಿ ಬಂದಳು. ಮೈತುಂಬ ರೇಷ್ಮೆ, ಹಣೆಯಲ್ಲಿ ಬೆವರು.

"ನಿಮ್ಮ ಮಾವನ ಮಾತ್ರೆ ಯಾರು ತಗೊಂಡ್ರವ್ವ?"

ವಾಣಿ ಖಾಲಿ ಶೀಟುಗಳನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. "ಥೂ! ಸತ್ತವರ ಮಾತ್ರೆ ಯಾರು ತಿಂತಾರೆ? ಕೆಲಸದವಳೇ ಇರ್ಬೇಕು. ನಾನು ಹೇಳ್ತಾನೇ ಇದ್ದೆ, ಅವಳ ಕೈ ಸರಿಯಿಲ್ಲ ಅಂತ."

"ಕೆಲಸದವಳಲ್ಲ, ಅತ್ತೆ."

ಬಾಗಿಲಲ್ಲಿ ಪ್ರತಿಭಾ ನಿಂತಿದ್ದಳು, ವಾಣಿಯ ಸೊಸೆ, ಸುಬ್ಬಮ್ಮನ ಮೊಮ್ಮಗ ನಿಶಾಂತನ ಹೆಂಡತಿ. ಬೆಳಗಿನಿಂದ ಒಲೆಯ ಮುಂದೆ ನಿಂತು ಮುಖ ಬೆಂದಂತಾಗಿತ್ತು. ಕೈಯಲ್ಲಿ ಎಡೆಗೆ ಬಡಿಸುವ ಅನ್ನದ ತಟ್ಟೆ. "ನಾನು ತಗೊಂಡೆ ಅಜ್ಜಿ" ಎಂದಳು.

ಸುಬ್ಬಮ್ಮ ಮಡಿಲಲ್ಲಿದ್ದ ಶೀಟುಗಳನ್ನು ನೋಡಿದಳು. ಹೋದವರ ಬಾಯಿಗೆಂದು ಇದ್ದದ್ದನ್ನು ಈ ಹುಡುಗಿ ಕದ್ದು ನುಂಗಿದಳೇ? ತಾನು ದಿನಾ ಕಣ್ಣಿಗೆ ಒತ್ತಿಕೊಂಡದ್ದು ಎಂಜಲು ಹಾಳೆಯನ್ನೇ? ಅವಳಿಗೆ ತಿಳಿಯದೆಯೇ ಬೆರಳುಗಳು ಸೆರಗಿಗೆ ಉಜ್ಜಿಕೊಂಡವು.

"ಅಯ್ಯೋ ಗತಿಗೆಟ್ಟವಳೇ!" ವಾಣಿಯ ದನಿ ನಡುಮನೆಗೂ ಕೇಳಿತು. "ರೀ, ಬನ್ನಿ ಇಲ್ಲಿ! ನಿಶಾಂತ್, ಬಾರೋ! ನಿನ್ನ ಹೆಂಡ್ತಿ ತಾತನ ಮಾತ್ರೆ ತಿಂದವ್ಳಂತೆ!"

ಶಶಿಕುಮಾರ ಬಂದ, ನಿಶಾಂತ ಬಂದ. ಕರೆಯದಿದ್ದರೂ ವಾಣಿಯ ತಮ್ಮ ಅನಿಲ್ ಕುಮಾರ್ ಬಂದ. ಎಡೆ ಇಡುವ ಮೊದಲು ಯಾರೂ ಬಾಯಿಗೆ ಹಾಕಬಾರದೆಂಬ ಕಟ್ಟಳೆಯಿದ್ದರೂ ಅವನ ಮೀಸೆಯಲ್ಲಿ ಸಾರಿನ ಎಣ್ಣೆ ಹೊಳೆಯುತ್ತಿತ್ತು. ಆಗಲೇ ಅಡುಗೆಮನೆಯಲ್ಲಿ ಅವನು ಪಾತ್ರೆಗೆ ಕೈಹಾಕಿ ನಲ್ಲಿಮೂಳೆ ಚೀಪಿದ್ದನ್ನು ಸುಬ್ಬಮ್ಮ ಕಂಡಿದ್ದಳು. "ಉಪ್ಪು ನೋಡ್ದೆ ಅತ್ತೆ" ಎಂದು ಹಲ್ಲು ಕಿರಿದಿದ್ದ.

"ಯಾಕೆ ತಿಂದೆ?" ಎಂದು ಸುಬ್ಬಮ್ಮ ಕೇಳಿದಳು.

ಪ್ರತಿಭಾ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. "ನನ್ನದೂ ಅದೇ ಮಾತ್ರೆ ಅಜ್ಜಿ. ಅದೇ ಹೆಸರು, ಅದೇ ಅಳತೆ. ನನಗೆ ಸಕ್ಕರೆ ಕಾಯಿಲೆ ಇಲ್ಲ, ಪಿಸಿಓಎಸ್ ಇದೆ, ಅಂಡಾಶಯದ ತೊಂದರೆ. ಅದಕ್ಕೂ ಇದೇ ಮಾತ್ರೆ ಕೊಡ್ತಾರೆ. ಮುಟ್ಟು ತಿಂಗಳು ತಿಂಗಳು ಬರಲ್ಲ. ಮದ್ವೆಗೆ ಮುಂಚೆ ಕೆಲಸ ಇತ್ತು, ನಾನೇ ತಗೊಳ್ತಿದ್ದೆ. ಇಲ್ಲಿಗೆ ಬಂದ್ಮೇಲೆ ಕೆಲಸ ಬಿಡಿಸಿದ್ರು. ಸ್ವಲ್ಪ ದಿನ ಇವರು ತಂದುಕೊಟ್ರು, ಆಮೇಲೆ ನಿಲ್ಲಿಸಿದ್ರು. ಧೂಳು ಒರೆಸುವಾಗ ತಾತನ ಡಬ್ಬಿ ಕಾಣಿಸ್ತು."

"ಯುಗಾದಿ ಹೊತ್ತಿಗೆ ಅದೂ ಖಾಲಿ ಆಯ್ತು" ಎಂದು ಸ್ವಲ್ಪ ತಡೆದು ಸೇರಿಸಿದಳು. "ಕೊನೇದಕ್ಕೆ ಡೇಟ್ ಮುಗಿದಿತ್ತು. ಅದನ್ನೂ ತಿಂದೆ."

ನಿಶಾಂತ ಮೊಬೈಲನ್ನು ಜೇಬಿಗೆ ಹಾಕಿದ. "ನಾನೇನು ಬೇಕೂಂತ ನಿಲ್ಲಿಸ್ದೆನಾ? ಇದು ಜೀವನಪೂರ್ತಿ ತಿನ್ನೋ ಮಾತ್ರೆ ಅಜ್ಜಿ. ವಾಕಿಂಗ್ ಮಾಡು, ಮುದ್ದೆ ಕಮ್ಮಿ ಮಾಡು ಅಂದೆ. ಸಣ್ಣ ಆದ್ರೆ ತಾನೇ ಸರಿಹೋಗುತ್ತೆ ಅಂತ ನೆಟ್‌ನಲ್ಲಿ ಎಲ್ಲಾ ಕಡೆ ಹಾಕಿದಾರೆ."

"ಸಣ್ಣ ಆಗ್ಬೇಕಲ್ಲ ಮತ್ತೆ!" ಎಂದು ಅನಿಲ್ ಕುಮಾರ್ ನಕ್ಕ. "ಮೀಸೆ ವಿಷಯದಲ್ಲಿ ಆಗ್ಲೇ ನನ್ನ ಹತ್ರ ಕಾಂಪಿಟೇಷನ್‌ಗೆ ನಿಂತವ್ಳೆ."

ಯಾರೂ ಅವನನ್ನು ಗದರಲಿಲ್ಲ. ಶಶಿಕುಮಾರನ ತುಟಿಯ ತುದಿಯಲ್ಲೂ ನಗು ಬಂದು ಹೋಯಿತು. ಪ್ರತಿಭಾ ಸೆರಗಿನಿಂದ ಕೂದಲು ಬೆಳೆದಿದ್ದ ಮೇಲ್ತುಟಿಯನ್ನೂ ಗಲ್ಲವನ್ನೂ ಮುಚ್ಚಿಕೊಂಡಳು.

"ಅಮ್ಮನ ಮಾತು ಕೇಳ್ಕೊಂಡು ನಿಲ್ಲಿಸಿದ್ದು ಅಂತ ಹೇಳಿ" ಎಂದಳು ಗಂಡನಿಗೆ, ಮೆಲ್ಲಗೆ.

"ಹೌದು, ನಾನೇ ಬೇಡ ಅಂದೆ. ಅದರಲ್ಲಿ ಮುಚ್ಚುಮರೆ ಏನು?" ವಾಣಿ ಸೊಂಟಕ್ಕೆ ಕೈಕೊಟ್ಟಳು. "ಶೀನಣ್ಣನ ಮೆಡಿಕಲ್ ಶಾಪು ಬೀದಿ ತುದೀಲೇ ಇದೆ. ತಿಂಗಳಾ ತಿಂಗಳಾ ಅಲ್ಲಿ ನಿಂತು ಸಕ್ಕರೆ ಮಾತ್ರೆ ಕೊಡಿ ಅಂದ್ರೆ, ದೊಡ್ಡಬೈರಪ್ಪನೋರ ಮನೆಗೆ ರೋಗದ ಹೆಣ್ಣು ತಂದವ್ರೆ ಅಂತ ಚಾಮರಾಜಪೇಟೆಗೆಲ್ಲ ಗೊತ್ತಾಗಲ್ವಾ? ಅವನ ಬಾಯಲ್ಲಿ ಏನಾದ್ರೂ ನಿಲ್ಲುತ್ತಾ? ಮತ್ತೆ ಮಾತ್ರೆ ಬಿಟ್ಟಿದ್ರಿಂದ ಏನಾಯ್ತಂತೆ ಇವಳಿಗೆ? ಕಲ್ಲುಗುಂಡಿನ ಹಾಗವ್ಳೆ. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಅತ್ತೆ. ಮಾವನಿಗೆ ತಿಂಗಳಾ ತಿಂಗಳಾ ಎಡೆ ಇಟ್ವಿ. ಒಂದಕ್ಕಾದ್ರೂ ಇವಳು ಹೊರಗಾದ್ಲಾ? ಒಬ್ಬಳೇ ಅಷ್ಟೂ ಅಡುಗೆ ಮಾಡಿದ್ಲು. ಮಾತ್ರೆ ತಿಂದು ಸರಿಯಾಗಿ ಮುಟ್ಟಾಗಿ ಮೂಲೇಲಿ ಕೂತಿದ್ರೆ ಯಾರು ಬೇಯಿಸ್ತಿದ್ರು? ನನ್ನ ಮಂಡಿ ನೋವು ನನಗೇ ಗೊತ್ತು."

ವಾಣಿಗೆ ತಾನು ಹೇಳಬಾರದ್ದನ್ನು ಹೇಳಿದೆ ಅನ್ನಿಸಿದಂತೆ ಕಾಣಲಿಲ್ಲ. ಅವಳು ಫೋಟೋದ ಹಾರವನ್ನು ಸರಿಮಾಡಿದಳು.

ಸುಬ್ಬಮ್ಮ ಎಲೆಯ ಮೇಲಿನ ಸಾರನ್ನು ನೋಡಿದಳು. ಆರುತ್ತಿದ್ದ ಕೊಬ್ಬು ಅಂಚಿನಲ್ಲಿ ಬೆಳ್ಳಗೆ ಹೆಪ್ಪುಗಟ್ಟತೊಡಗಿತ್ತು. ತಿಂಗಳ ಎಡೆಗಳೆಲ್ಲ ಅವಳ ಕಣ್ಣ ಮುಂದೆ ಬಂದವು. ಪ್ರತಿ ಸಲವೂ ಬಾಗಿಲ ಹೊರಗೆ ಕೈಮುಗಿದು, ಅವರು ಹೊಟ್ಟೆ ತುಂಬ ಉಂಡು ಹೋಗಲಿ ಎಂದು ಬೇಡಿಕೊಂಡಿದ್ದಳು. ಹುಡುಗಿಯ ಕೈ ಶುದ್ಧ, ಒಂದು ಸಲವೂ ತಪ್ಪಿಸಲಿಲ್ಲ ಎಂದು ಪಕ್ಕದ ಮನೆಯವರ ಮುಂದೆ ಹೊಗಳಿದ್ದಳು. ಆ ಹುಡುಗಿಯ ಕಾಯಿಲೆಯನ್ನೇ ತಾನು ಶುದ್ಧವೆಂದು ಹೊಗಳುತ್ತ ಬಂದಿದ್ದಳು.

"ಮಾತ್ರೆ ಬಿಟ್ರೆ ಏನಾಗುತ್ತವ್ವ?" ಎಂದು ಪ್ರತಿಭಾಳನ್ನು ಕೇಳಿದಳು.

"ಮುಟ್ಟು ಬರದೇ ಇದ್ರೆ ಗರ್ಭದೊಳಗಿನ ಪದರ ದಪ್ಪ ಆಗ್ತಾ ಹೋಗುತ್ತಂತೆ ಅಜ್ಜಿ. ಹಾಗೇ ಬಿಟ್ರೆ ಮುಂದೆ ಅದು ಕ್ಯಾನ್ಸರ್‌ಗೂ ತಿರುಗಬಹುದು, ಕೇಳದೆ ನಿಲ್ಲಿಸ್ಬೇಡಿ ಅಂದಿದ್ರು ಬಸವನಗುಡಿ ಡಾಕ್ಟರು." ಅವಳು ಗಂಡನ ಕಡೆ ನೋಡಲಿಲ್ಲ. "ಎಲ್ರಿಗೂ ಆಗುತ್ತೆ ಅಂತಲ್ಲ. ನನಗೆ ರಾತ್ರಿ ಮಲಗಿದಾಗ ಭಯ ಆಗುತ್ತೆ, ಅಷ್ಟೇ."

"ಅಪ್ಪನ ವರ್ಷದ ದಿನ ಇದೆಲ್ಲ ಬೇಕಾ?" ಎಂದ ಶಶಿಕುಮಾರ. "ಅವ್ವಾ, ಸಾರು ಆರ್ತಾ ಇದೆ. ಕಾಟನ್‌ಪೇಟೆಯಿಂದ ನನ್ನ ವ್ಯಾಪಾರದೋರೆಲ್ಲ ಅಂಗಡಿ ಮುಚ್ಚಿ ಬಂದವ್ರೆ. ಎಡೆ ಮುಗಿಸಿ ಆಮೇಲೆ ಮಾತಾಡೋಣ."

"ಎಡೆ ಇಡೋ ಹಾಗಿಲ್ಲ."

"ಏನು?"

"ಮಾತ್ರೆ ಇಲ್ದೆ ನಿಮ್ಮಪ್ಪ ಊಟಕ್ಕೆ ಕೂತವರಲ್ಲ. ಬದುಕಿರೋವರೆಗೂ ಕೂರಲಿಲ್ಲ, ಈಗ ಕೂರ್ತಾರಾ?" ಸುಬ್ಬಮ್ಮ ಎಲೆಯ ಪಕ್ಕದಲ್ಲೇ ಕಾಲು ಚಾಚಿ ಕೂತಳು. "ನಿಶಾಂತ, ಇವಳ ಡಾಕ್ಟರ ಚೀಟಿ ತಗೊಂಡು ಶೀನಣ್ಣನ ಅಂಗಡಿಗೆ ಹೋಗು. ಅದರಲ್ಲಿರೋದನ್ನೆಲ್ಲ ತಗೊಂಡು ಬಾ. ಯಾರಿಗೆ ಅಂತ ಕೇಳ್ತಾನೆ. ನನ್ನ ಹೆಂಡ್ತಿಗೆ ಅನ್ನು. ಗಟ್ಟಿಯಾಗಿ ಅನ್ನು."

"ಅಜ್ಜಿ, ಊಟ ಆದ್ಮೇಲೆ ಹೋಗ್ತೀನಿ."

"ಊಟ ಯಾರಿಗೋ?"

ನಡುಮನೆಯಲ್ಲಿ ಯಾರೋ ಕೆಮ್ಮಿದರು. ಕುರ್ಚಿ ಸರಿಸಿದ ಸದ್ದಾಯಿತು. ನೆಂಟರಿಗೆ ಎಲ್ಲವೂ ಕೇಳಿತ್ತು. ವಾಣಿ ಗಂಡನ ಮುಖ ನೋಡಿದಳು. ಶಶಿಕುಮಾರ ಬ್ರಾಂದಿಯ ಬಾಟಲಿಯನ್ನು ನೋಡಿದ, ಆಮೇಲೆ ಅಪ್ಪನ ಫೋಟೋ ನೋಡಿದ. ವರ್ಷದ ಎಡೆ ನಿಂತುಹೋಯಿತೆಂದು ಹತ್ತು ಜನ ಆಡಿಕೊಳ್ಳುವುದು ಅವನಿಗೆ ಬೇಡವಾಗಿತ್ತು. "ಹೋಗ್ಬಿಟ್ಟು ಬಾರೋ" ಎಂದು ಮಗನಿಗೆ ಹೇಳಿದ.

ನಿಶಾಂತ ಬರುವವರೆಗೆ ಯಾರೂ ಆ ಕೋಣೆಯಲ್ಲಿ ಕೂರಲಿಲ್ಲ. ನೊಣಗಳು ಹುರಿದ ಲಿವರ್ ಮೇಲೆ ಕೂರುತ್ತಿದ್ದವು, ಸುಬ್ಬಮ್ಮ ಸೆರಗಿನಿಂದ ಓಡಿಸುತ್ತಿದ್ದಳು. ಮಾಂಸದ, ಊದಿನಕಡ್ಡಿಯ, ಬಾಡಿದ ಸುಗಂಧರಾಜದ ವಾಸನೆಗಳು ಬೆರೆತು ಉಸಿರು ಕಟ್ಟುತ್ತಿತ್ತು. ಪ್ರತಿಭಾ ಬಾಗಿಲಿಗೆ ಒರಗಿ ನಿಂತೇ ಇದ್ದಳು. ಅವಳ ಕತ್ತಿನ ಮಡಿಕೆಯಲ್ಲಿ ಚರ್ಮ ಕಪ್ಪಾಗಿತ್ತು. ಅದನ್ನು ಕೊಳೆಯೆಂದುಕೊಂಡು, ಸರಿಯಾಗಿ ಉಜ್ಜಿ ಸ್ನಾನ ಮಾಡು ಎಂದು ವಾಣಿ ನೆಂಟರ ಮುಂದೆಯೇ ಒಮ್ಮೆ ಹೇಳಿದ್ದು ಸುಬ್ಬಮ್ಮನಿಗೆ ನೆನಪಾಯಿತು.

ನಿಶಾಂತ ಕಾಗದದ ಪೊಟ್ಟಣ ತಂದು ಅಜ್ಜಿಯ ಕೈಗೆ ಕೊಟ್ಟ. ಮುಖ ಕೆಂಪಾಗಿತ್ತು. ಸುಬ್ಬಮ್ಮ ಪೊಟ್ಟಣವನ್ನು ಪ್ರತಿಭಾಳಿಗೆ ತೋರಿಸಿದಳು. ಅವಳು ನೋಡಿ ತಲೆಯಾಡಿಸಿದ ಮೇಲೆ, ಮಾತ್ರೆಯ ಶೀಟುಗಳನ್ನು ವೀಳ್ಯದೆಲೆಯ ಮೇಲೆ ಜೋಡಿಸಿ ಎಡೆಯ ಬಲಕ್ಕಿಟ್ಟಳು. ಜಾಗ ಸಾಲದೆ ಬ್ರಾಂದಿಯ ಬಾಟಲಿಯನ್ನು ಗೋಡೆಯ ಮೂಲೆಗೆ ಸರಿಸಿದಳು. ಧೂಪ ಹಾಕಿ, ಕಾಯಿ ಒಡೆದು, ಎಲ್ಲರೂ ಹೊರಗೆ ಬಂದು ಬಾಗಿಲೆಳೆದುಕೊಂಡರು.

ಸುಬ್ಬಮ್ಮ ಕಣ್ಣು ಮುಚ್ಚಿದಳು. ಒಳಗೆ ಅವರು ಅಂಗೈ ಚಾಚಿ ಕೂತಿರಬಹುದು. ಬೇರೆ ದಿನಗಳಲ್ಲಿ ಅಷ್ಟು ನೆನೆದರೆ ಸಾಕು, ಅಳು ಬರುತ್ತಿತ್ತು. ಇವತ್ತು ಬರಲಿಲ್ಲ. ನಿಮ್ಮ ಹೆಸರು ಹೇಳದೆ ಒಂದು ಶೀಟು ಮಾತ್ರೆ ಈ ಮನೆಗೆ ಬರಲಿಲ್ಲ ನೋಡಿ, ಎಂದು ಮನಸ್ಸಿನಲ್ಲೇ ಅವರಿಗೆ ಹೇಳಿದಳು.

ಬಾಗಿಲು ತೆಗೆದ ಕೂಡಲೇ ಅನಿಲ್ ಕುಮಾರನ ಕೈ ಬಾಟಲಿಗೆ ಹೋಯಿತು. "ಭಾವ, ಇದು ನಮ್ಮ ಪಾಲಿನ ಪ್ರಸಾದ" ಎಂದ. ಗಂಡಸರು ನಕ್ಕರು. ಸುಬ್ಬಮ್ಮ ಪ್ರತಿಭಾಳ ರಟ್ಟೆ ಹಿಡಿದು ಮೊದಲ ಪಂಕ್ತಿಯ ಮೊದಲ ಎಲೆಗೆ ಕೂರಿಸಿದಳು.

"ಅತ್ತೆ, ಬಡಿಸೋರು ಯಾರು?" ಎಂದಳು ವಾಣಿ.

"ನೀನು."

ಸುಬ್ಬಮ್ಮ ಎಡೆಯ ಮುದ್ದೆಯಲ್ಲಿ ಒಂದು ತುಂಡು ಮುರಿದು ಪ್ರತಿಭಾಳ ಎಲೆಗೆ ಹಾಕಿ, ಪಕ್ಕದಲ್ಲಿ ಮಾತ್ರೆಯ ಶೀಟು ಇಟ್ಟಳು. "ಇದೂ ಎಡೆಯದ್ದೇ. ಬೇಡ ಅನ್ನೋ ಹಾಗಿಲ್ಲ. ತಿನ್ನೋಳೂ ಅನ್ನೋ ಹಾಗಿಲ್ಲ, ಬೇರೆಯೋರೂ ಅನ್ನೋ ಹಾಗಿಲ್ಲ." ಆಮೇಲೆ ಮಗನ ಕಡೆ ತಿರುಗಿದಳು. "ಶಶಿ, ತಿಂಗಳ ಎಡೆ ಇವತ್ತಿಗೆ ಮುಗೀಲಿಲ್ಲ. ಪ್ರತಿ ಅಮಾವಾಸ್ಯೆಗೂ ಇಡ್ತೀನಿ. ನಾನಿರೋವರೆಗೂ."

"ವರ್ಷ ಕಳೀತಲ್ಲವ್ವಾ, ಇನ್ಯಾಕೆ?"

"ಅಡುಗೆ ಏನೂ ಬೇಡ. ಮಾತ್ರೆ ಇಟ್ರೆ ಸಾಕು."

ವಾಣಿ ಸೌಟನ್ನು ಸಾರಿನ ಪಾತ್ರೆಗೆ ಬಡಿದಳು. ಪ್ರತಿಭಾ ತಲೆ ತಗ್ಗಿಸಿ ಮುದ್ದೆಯ ತುತ್ತನ್ನು ಸಾರಿನಲ್ಲಿ ಹೊರಳಿಸಿ ನುಂಗಿದಳು.

ಸುಬ್ಬಮ್ಮನ ಎಲೆಗೂ ಬಡಿಸಿದರು. ಎಡೆಯದ್ದೆಂದು ಅವಳು ಒಂದು ಚೂರು ಬಾಯಿಗಿಟ್ಟುಕೊಂಡಳು. ತಣ್ಣಗಾದ ಕೊಬ್ಬು ಅಂಗುಳಿಗೆ ಮೆತ್ತಿಕೊಂಡಿತು. ಅದನ್ನು ಹೇಗೋ ಇಳಿಸಿ, ಎಲೆ ಮಡಚಿ, ಎದ್ದು ಹಿತ್ತಿಲ ನಲ್ಲಿಗೆ ಬಂದಳು. ಒಳಗೆ ಗ್ಲಾಸುಗಳ ಸದ್ದಾಗುತ್ತಿತ್ತು. ಅನಿಲ್ ಕುಮಾರನ ದನಿ ಆಗಲೇ ಏರಿತ್ತು. ಅವಳು ಸೋಪು ಹಾಕಿ ಕೈ ತೊಳೆದು ಮೂಸಿ ನೋಡಿದಳು. ವಾಸನೆ ಹೋಗಿರಲಿಲ್ಲ. ಮತ್ತೆ ಸೋಪು ಹಚ್ಚಿ ಉಗುರಿನ ಸಂದಿಗಳನ್ನೆಲ್ಲ ತಿಕ್ಕಿದಳು. ಊಟ ಮುಗಿಸಿ ಹಿತ್ತಿಲ ಬಾಗಿಲಿಗೆ ಬಂದ ಪ್ರತಿಭಾಳ ಕೈಯಲ್ಲಿ ಶೀಟಿನ ಹಾಳೆ ಒಡೆದು ಮಾತ್ರೆ ಹೊರಬಂದ ಚಿಟಕ್ಕೆಂಬ ಸಣ್ಣ ಸದ್ದು ಬೆನ್ನ ಹಿಂದೆಯೇ ಕೇಳಿಸಿತು. ನಲ್ಲಿಯ ನೀರು ಸುರಿಯುತ್ತಲೇ ಇತ್ತು.