ತಗಡಿಗೆ ಹಚ್ಚಿದ ಕುಸುಬಿ ಎಣ್ಣೆ

ಡೊಬ್ ಅಂದಿತಲ್ಲ, ಟಕ್ ಅನ್ನಬೇಕಿದ್ದಲ್ಲಿ ಡೊಬ್, ಸುತ್ತಿಗೆ ವಾರೆ ಬಿದ್ದಿರಬೇಕು, ಇಲ್ಲವೇ ಕಿವಿಯೇ ಸೋತಿರಬೇಕು, ಮೇ ತಿಂಗಳ ಶಹಾಬಾದಿನ ಬಿಸಿಲಿಗೆ ಸೋಲದ್ದು ಏನಿದೆ — ಸಂಘಮಿತ್ರಾ ಏಣಿಯ ಐದನೆಯ ಮೆಟ್ಟಿಲ ಮೇಲೆ ನಿಂತು ತಲೆಯ ಮೇಲಿನ ತಗಡಿಗೆ ಮತ್ತೊಮ್ಮೆ ಬಡಿದಳು, ಡೊಬ್, ಒಂದು ಗೇಣು ಆಚೆ ಬಡಿದಳು, ಡೊಬ್, ತೊಲೆಯ ಹತ್ತಿರ ಸರಿದರೆ ಟಕ್, ಮತ್ತೆ ನಡುವಿಗೆ ಬಂದರೆ ಅದೇ ಟೊಳ್ಳು ಸದ್ದು. ಭುಜ ನೋಯುತ್ತಿದೆ, ನಿನ್ನೆ ಚಿಂಚೋಳಿ, ಮೊನ್ನೆ ಸೇಡಂ, ಆಚೆ ಮೊನ್ನೆ ಚಿತ್ತಾಪುರ, ಯಾವ ಊರಿಗೆ ಹೋದರೂ ಕೊನೆಗೆ ಹೀಗೆ ಮೋರೆ ಎತ್ತಿ ಒಂದು ಮಾಳಿಗೆಯ ಕೆಳಗೆ ನಿಲ್ಲುವುದೇ, ಎಂಜಿನಿಯರ ಆಗಿ ಹದಿಮೂರು ವರ್ಷ, ಕುತ್ತಿಗೆ ಮೇಲಕ್ಕೇ ತಿರುಚಿಕೊಂಡು ಬಿಟ್ಟಂತಾಗಿದೆ. ಇವತ್ತಿನದು ಸಣ್ಣ ಕೆಲಸ ಅಂದುಕೊಂಡೇ ಬಂದಿದ್ದಳು, ಹೆಣ್ಣುಮಕ್ಕಳ ವಾಚನಾಲಯದ ಮೊದಲ ಮಹಡಿ, ಕಾಂಕ್ರೀಟು ಹಾಕಿ ಇಪ್ಪತ್ತೊಂಬತ್ತು ದಿನ, ಕೆಳಗಿನಿಂದ ಒಮ್ಮೆ ಬಡಿದು ನೋಡಿ, ಪುಸ್ತಕದ ಕಪಾಟು ಏರಿಸಬಹುದು ಅಂತ ಸಹಿ ಹಾಕಿ, ಒಂದು ಗಂಟೆಯ ಬಸ್ಸಿಗೆ ಕಲಬುರಗಿ, ಮನೆ, ಫ್ಯಾನು, ಚಾಪೆ. ವಾಚನಾಲಯ ಸಮಿತಿಯ ಅಧ್ಯಕ್ಷ ಗುರುಲಿಂಗಯ್ಯ ಮಾಸ್ತರು ಹೊರಗೆ ಬೇವಿನ ನೆರಳಲ್ಲಿ ಕಾಗದ ಟೈಪು ಮಾಡಿಸಿಕೊಂಡೇ ಕೂತಿದ್ದಾರೆ, ಅವಳು ಬಂದ ಕೂಡಲೇ ಶುರು ಮಾಡಿದ್ದರು, ಬರ್ರಿ ಮೇಡಂ, ಕುಂದ್ರಿ, ಮೊದ್ಲು ನೀರ ಕುಡೀರಿ, ಒಂದು ಸಹಿ ಅಷ್ಟೇ ನೋಡ್ರಿ, ಐತವಾರದಿಂದ ಎಂಬತ್ತು ಹುಡಿಗೇರು ಮ್ಯಾಲ ಕುಂತು ಓದ್ತಾರ, ಪಿಎಸ್‌ಐ ಪರೀಕ್ಷಾಕ್ಕ, ನರ್ಸಿಂಗಿಗೆ, ಅವರ ಪುಸ್ತಕ ನೋಡೀರೇನು, ಒಂದೊಂದು ಇಟ್ಟಂಗಿಯಂಗ ಅವ. ಇಟ್ಟಂಗಿಯಂಗ, ಹೌದು, ಇಟ್ಟಿಗೆಯಷ್ಟೇ ತೂಕ, ಅದೇ ತಾನೇ ಲೆಕ್ಕ, ಕೂತು ಓದುವ ಹುಡುಗಿಗಿಂತ ಅವಳ ಹಿಂದಿನ ಕಪಾಟಿನ ಭಾರವೇ ಹೆಚ್ಚು.

ಮತ್ತು ಆ ಲೆಕ್ಕ ಅವಳದೇ. ತೊಲೆಯಿಂದ ತೊಲೆಗೆ ಮೂರು ಮೀಟರು, ಅದರ ಮೇಲೆ ಮಡಿಕೆ ಮಡಿಕೆಯಾಗಿ ಬಾಗಿಸಿದ ಉಕ್ಕಿನ ತಗಡು, ತಗಡಿನ ಮೇಲೆ ಕಾಂಕ್ರೀಟು, ಬಿರುಕು ಬಿಡದಿರಲಿ ಅಂತ ಒಂದು ತೆಳ್ಳನೆಯ ತಂತಿ ಜಾಳಿಗೆ, ಅಷ್ಟೇ, ಅಡಿಯಲ್ಲಿ ಸರಳಿಲ್ಲ, ಯಾಕೆಂದರೆ ಅಡಿಯ ಸರಳು ಅಂದರೆ ಆ ತಗಡೇ. ಹಸಿ ಕಾಂಕ್ರೀಟು ಸುರಿಯುವ ದಿನ ಅದು ಸೆಂಟ್ರಿಂಗು, ಹಸಿಯನ್ನು ಹೊತ್ತು ನಿಲ್ಲುವ ಅಚ್ಚು, ಗಟ್ಟಿಯಾದ ಮೇಲೆ ಅದೇ ಸರಳು, ಒಬ್ಬಳೇ ಸೊಸೆ ಹೊಲಕ್ಕೂ ಹೋಗಿ ಒಲೆಯನ್ನೂ ನೋಡಿದ ಹಾಗೆ, ಹಾಗಂತ ಅವಳೇ ಸಮಿತಿಯ ಮುಂದೆ ಹೇಳಿದಾಗ ಮಾಸ್ತರು ನಕ್ಕಿದ್ದರು, ಭೇಷ್, ಅಂಥಾ ಸೊಸಿ ನಮ್ಮನಿಗಿ ಯಾಕ ಬರ್ಲಿಲ್ಲ ಅಂದಿದ್ದರು. ಆದರೆ ಆ ಸೊಸೆಗೂ ಒಂದು ಷರತ್ತು, ತಗಡು ಕಾಂಕ್ರೀಟನ್ನು ಬಿಡದೆ ಹಿಡಿದಿರಬೇಕು, ಭಾರ ಬಿದ್ದರೆ ಎರಡೂ ಕೂಡಿಯೇ ಬಾಗಬೇಕು, ಒಂದರ ಮೇಲೊಂದು ಜಾರಿತೋ ಅದು ಮಾಳಿಗೆಯಲ್ಲ, ತಗಡಿನ ಮೇಲೆ ಸುಮ್ಮನೆ ಕೂತ ಕಲ್ಲುಹಾಸು. ಆ ಹಿಡಿತಕ್ಕಾಗಿಯೇ ಮಡಿಕೆಗಳ ಪಕ್ಕೆಗೆ ಕಾರಖಾನೆಯಲ್ಲೇ ಸಾಲುಸಾಲು ಕುಳಿ ಒತ್ತಿರುತ್ತಾರೆ, ಅವ್ವ ರೊಟ್ಟಿ ಬಡಿಯುವಾಗ ಬೀಳುವ ಬೆರಳಗುರುತಿನಷ್ಟು, ಕಾಂಕ್ರೀಟು ಅದರೊಳಗೆ ಇಳಿದು ಹಲ್ಲು ಕಚ್ಚಿದಂತೆ ಕೂರಬೇಕು. ಕೂತಿಲ್ಲ. ಡೊಬ್. ಈ ಸದ್ದು ಅವಳಿಗೆ ಕಾಲೇಜು ಕಲಿಸಿದ್ದಲ್ಲ, ಭಂಕೂರಿನ ಕಲ್ಲಿನ ಗಣಿಯಲ್ಲಿ ಅಪ್ಪ ದಶರಥ ಉಳಿಯ ಹಿಂಬದಿಯಿಂದ ಬಂಡೆಯನ್ನು ಬಡಿದು ಕಿವಿ ಕೊಡುತ್ತಿದ್ದ, ಟಕ್ ಅಂದರೆ ಇನ್ನೂ ಹಿಡಿದಿದೆ, ಡೊಬ್ ಅಂದರೆ ಪದರ ಬಿಟ್ಟಿದೆ, ಬಿಟ್ಟದ ನೋಡು ಮಗಾ, ಎಬ್ಬಸು ಇನ್ನ, ಅಂತ ಹಲ್ಲು ಬಿಡುತ್ತಿದ್ದ, ಚಪ್ಪಡಿ ರೊಟ್ಟಿಯ ಹಾಗೆ ಎದ್ದು ಬರುತ್ತಿತ್ತು, ಬಿಡುವ ಕಲ್ಲೇ ಅವರ ಮನೆಯ ಅನ್ನ, ಮಗಳಿಗೆ ಬಿಡದಿರುವುದೇ ಅನ್ನ ಆಯಿತು, ಸದ್ದು ಮಾತ್ರ ಅದೇ. ಎಂಟು ಅಂಕಣದಲ್ಲಿ ಐದು ಡೊಬ್. ಏಣಿಯನ್ನು ಮೆಟ್ಟಿಲಿನ ಕಿಂಡಿಯ ಬದಿಗೆ ಎಳೆದುಕೊಂಡಳು, ಅಲ್ಲಿ ತಗಡಿನ ತುದಿ ಬರಿಗಣ್ಣಿಗೆ ಕಾಣುತ್ತದೆ, ತಗಡು ಎಲ್ಲಿ ಮುಗಿದು ಕಾಂಕ್ರೀಟು ಎಲ್ಲಿ ಶುರು ಅಂತ ಒಂದು ಕೂದಲಿನಷ್ಟು ಗೆರೆ, ಪರ್ಸಿನಲ್ಲಿದ್ದ ಬೆಳಗಿನ ಬಸ್ ಟಿಕೆಟನ್ನು, ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟನ್ನು, ಗೆರೆಯೊಳಗೆ ತೂರಿಸಿ ನೋಡಿದಳು, ಹೋಗಬಾರದು, ಹೋಯಿತು, ಅರ್ಧದ ತನಕ ಹೋಯಿತು, ಎಳೆದರೆ ಕಾಗದದ ಆಚೆಯ ಬೆಳಕು ಕಾಣುವಂತೆ ನೆನೆದಿದೆ, ಎಣ್ಣೆ, ಮೂಸಿದಳು, ಕುಸುಬಿ, ಶೇಂಗಾ ಹಿಂಡಿಯ ಮೇಲೆ ಸುರಿದುಕೊಳ್ಳುವ ಅದೇ ಎಣ್ಣೆ, ಹಸಿದ ಹೊಟ್ಟೆ ನಾಚಿಕೆಯಿಲ್ಲದೆ ಗುರ್ ಅಂದಿತು.

ಕೆಳಗೆ ಬಾಬುಮಿಯಾ ಕಾಕಾ ಬಿಚ್ಚಿದ ಆಸರೆ ಕಂಬಗಳನ್ನು ಉದ್ದದ ಪ್ರಕಾರ ಸಾಲು ಮಾಡುತ್ತಿದ್ದಾನೆ, ಅರವತ್ತೆಂಟು ವರ್ಷ, ನಲವತ್ತೈದು ವರ್ಷದ ಸೆಂಟ್ರಿಂಗ್ ಮಿಸ್ತ್ರಿ, ಅವನು ಹಾಸಿದ ಒಂದು ಮಾಳಿಗೆಯೂ ಜಗ್ಗಿಲ್ಲ, ಕುಸಿದಿಲ್ಲ, ವಾಡಿಯಿಂದ ಕೋಡ್ಲಾದ ತನಕ ಅವನ ಹೆಸರು ಹೇಳಿದರೆ ಮನೆ ಕಟ್ಟಿಸುವವರು ನಿದ್ದೆ ಮಾಡುತ್ತಾರೆ. ವಾಡಿಯ ಅವಳ ಮೊದಲ ಕೆಲಸದಲ್ಲಿ, ಕಾಂಕ್ರೀಟಿನ ಮೊದಲ ಬುಟ್ಟಿ ಮೇಲೆ ಬೀಳುವಾಗ ಕೈಹಿಡಿದು ಕೆಳಗೆ ಕರೆದುಕೊಂಡು ಹೋಗಿ ನಿಲ್ಲಿಸಿದವನು ಇವನೇ, ತಾನು ಬರೆದದ್ದರ ಕೆಳಗ ತಾನೇ ನಿಂದ್ರಲಾರದವ ಎಂಜಿನಿಯರ ಅಲ್ಲ ಬೇಟಿ, ಅಂಜಬ್ಯಾಡ, ನಾನೂ ಇಲ್ಲೇ ಅದೀನಿ. ಕಾಕಾ, ತಗಡಿಗಿ ಎಣ್ಣಿ ಹಚ್ಚಿದ್ರೇನು, ಅಂತ ಕೇಳಿದಳು, ದನಿ ಆದಷ್ಟು ಹಗುರ ಮಾಡಿಕೊಂಡು, ಅವನು ಇಲ್ಲ ಅನ್ನಲಿ, ದೇವರೇ ಅವನು ಇಲ್ಲ ಅನ್ನಲಿ. ಹಚ್ಚಲಾರದ ಹೆಂಗ ಬಿಡ್ತೀನಿ, ಎಣ್ಣಿ ಹಚ್ಚಲಾರದ ಒಂದು ಪ್ಲೇಟರೆ ಹಾಸೀನೇನು ನನ್ನ ಜಿಂದಗಿದಾಗ, ಹಚ್ಚಲಿಲ್ಲಂದ್ರ ಕಾಂಕ್ರೀಟ ಬಿಟ್ಟು ಬರ್ತದೇನು ಪ್ಲೇಟು, ಅಂದ, ಮುಖವೆಲ್ಲ ಹಿಗ್ಗು. ಗ್ಯಾರೇಜಿನ ಕರಿ ಎಣ್ಣಿ ಅಲ್ಲ ಮತ್ತ, ಹುಡಿಗೇರು ಕುಂದ್ರು ಜಾಗಾ, ವಾಸನಿ ಬರಬಾರದಂತ ಸುಲೇಪೇಟದ ಗಾಣದ್ದು ಕುಸುಬಿ ಎಣ್ಣಿ ತರಿಸೀನಿ, ಅಸಲಿ, ಎರಡು ದಿನ ಹಿಡೀತು ನೋಡು, ಆ ಸಣ್ಣ ಸಣ್ಣ ಕುಳಿ ಅದಾವಲ್ಲ, ಭಾಳ ತ್ರಾಸ ಕೊಟ್ಟುವು, ಬ್ರಶ್ಶು ಒಳಗ ಹೋಗವಲ್ದು, ಆಮ್ಯಾಲ ಬೆರಳಿಗಿ ಬಟ್ಟಿ ಸುತ್ತಿಕೊಂಡು ಒಂದೊಂದಕ್ಕ ಹಚ್ಚೀನಿ, ಒಂದನೂ ಬಿಟ್ಟಿಲ್ಲ. ಅಂದು, ತೋರುಬೆರಳನ್ನು ಗಾಳಿಯಲ್ಲೇ ಒತ್ತಿ, ತಿರುವಿ, ಪಕ್ಕಕ್ಕೆ ಸರಿದು, ಮತ್ತೆ ಒತ್ತಿ, ತಿರುವಿ ತೋರಿಸಿದ. ಆದರ ಕಾಕಾ, ಇದು ತೆಗಿಯು ಪ್ಲೇಟ ಅಲ್ಲಲ್ಲ, ಇಲ್ಲೇ ಉಳಿಯೂದು ಅಂತ ಹೇಳಿದ್ದೆ. ಗೊತ್ತದ ಬೇಟಿ, ನೀ ಹೇಳಿದ್ದಿ, ಈಗ ತೆಗಿಯೂದಿಲ್ಲ ಖರೆ, ನಾಳಿ ಐವತ್ತು ವರ್ಷಕ್ಕ ಯಾರರೆ ತೆಗಿಬೇಕಂದ್ರ? ಬಿಡವಲ್ದು, ಯಾವ ಹುಚ್ಚ ಮಿಸ್ತ್ರಿ ಹಾಸಿದ್ನೋ ಅಂತ ನನಗ ಬೈಬಾರದಲ್ಲ, ಹೂವಿನಂಗ ಬರ್ಬೇಕು ಅದು. ಹೂವಿನಂಗ. ಬಂದಿದೆ ಕಾಕಾ, ಈಗಲೇ ಬಂದಿದೆ, ಅನ್ನುವ ಮಾತು ನಾಲಿಗೆಯ ತನಕ ಬಂದು ಹಿಂದಕ್ಕೆ ಹೋಯಿತು, ನೀರು ಕುಡೀತೀನಿ ಅಂದು ಗೋಡೆಯ ಕಡೆ ತಿರುಗಿದಳು.

ಸುಣ್ಣದಂಥ ಕಾಂಕ್ರೀಟು, ಅದಕ್ಕೆ ಕಾಳಿನ ಎಣ್ಣೆ, ಎರಡೂ ಕೂಡಿದರೆ ಆಗುವುದು ಸಾಬೂನು, ಕಾಗದದಷ್ಟು ತೆಳ್ಳಗಿನ ಸಾಬೂನಿನ ಮೇಲೆ ಎಂಬತ್ತು ಹುಡುಗಿಯರನ್ನು ಕೂರಿಸುವುದು — ಆದರೆ ಕುಳಿಗಳಿವೆಯಲ್ಲ, ಎಣ್ಣೆ ಹಚ್ಚಿದರೂ ಕುಳಿ ಕುಳಿಯೇ, ತೊಲೆಯ ಮೇಲೆ ಬೆಸೆದ ಗುಬ್ಬಿಮೊಳೆಗಳಿವೆ, ಅಂಚಿನಲ್ಲಿ ಅವು ಹಿಡಿದುಕೊಂಡಿವೆ, ಅದಕ್ಕೇ ಅಲ್ಲಿ ಟಕ್ ಅಂದದ್ದು, ಲೆಕ್ಕದಲ್ಲಿ ಇಟ್ಟ ಧಾರಾಳವೂ ಇದೆ, ಬಹುಶಃ ಹತ್ತು ವರ್ಷ ಏನೂ ಆಗಲಿಕ್ಕಿಲ್ಲ, ಬಹುಶಃ, ಈ ಬಹುಶಃದ ಮೇಲೆ ಸಹಿ ಹಾಕಿದರೆ ಒಂದು ಗಂಟೆಯ ಬಸ್ಸು, ಹಾಕದಿದ್ದರೆ ಈ ಮುದುಕನ ನಲವತ್ತೈದು ವರ್ಷ. ಊರು ಏನನ್ನುತ್ತದೆ ಅಂತ ಅವಳಿಗೆ ಗೊತ್ತು, ಬಾಬುಮಿಯಾಗ ವಯಸ್ಸಾತು, ಮಾಳಗಿ ಕೆಡಿಸಿದ, ಅಷ್ಟೇ, ಒಂದೇ ಸಾಲು, ಹಳೆಯದೆಲ್ಲ ಅಳಿಸಿಹೋಗುತ್ತದೆ. ಮತ್ತು ನೀನು ಎಲ್ಲಿದ್ದೆ ಆ ಎರಡು ದಿನ, ಚಿಂಚೋಳಿಯಲ್ಲಿ, ಇನ್ನೊಂದು ಮಾಳಿಗೆಯ ಕೆಳಗೆ, ನಕ್ಷೆಯ ಮೂಲೆಯಲ್ಲಿ ಏಳನೆಯ ಸೂಚನೆ ಬರೆದಿದ್ದೆಯಲ್ಲ, ತಗಡಿನ ಮೇಲೆ ಎಣ್ಣೆ ಜಿಡ್ಡು ಇರಕೂಡದು ಅಂತ, ಇಂಗ್ಲಿಷಿನಲ್ಲಿ, ಇರುವೆಯಷ್ಟು ಅಕ್ಷರದಲ್ಲಿ, ಉರ್ದು ಮಾತ್ರ ಓದುವ ಮನುಷ್ಯನಿಗೆ. ಇಷ್ಟೆಲ್ಲ ಹೇಳಿದೆ, ಸೊಸೆಯ ಕಥೆ ಹೇಳಿದೆ, ಎಣ್ಣೆ ಬೇಡ ಅನ್ನುವ ಎರಡು ಮಾತು ಯಾಕೆ ಹೇಳಲಿಲ್ಲ, ಹೇಳಬೇಕಾದೀತು ಅಂತ ಹೊಳೆಯಲೇ ಇಲ್ಲ, ಎಣ್ಣೆ ಹಚ್ಚುವುದು ಅವನ ಕೈಗೆ ಉಸಿರಾಡಿದಷ್ಟೇ ಸಹಜ ಅನ್ನುವುದು ಅವಳಿಗಲ್ಲದೆ ಇನ್ನಾರಿಗೆ ಗೊತ್ತಿತ್ತು. ಅದೂ ಹೋಗಲಿ, ಫೋಟೋ, ಆವತ್ತು ಸಂಜೆ ಕಾಕಾನ ಮೊಮ್ಮಗಳು ಮುಬೀನ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದಳು, ಚಿಂಚೋಳಿಯಿಂದ ಬರುವ ಬಸ್ಸಿನಲ್ಲಿ ನೋಡಿದ್ದಳು, ಇಳಿಬಿಸಿಲಿಗೆ ತಗಡು ಕನ್ನಡಿಯಂತೆ ಹೊಳೆಯುತ್ತಿತ್ತು, ಹೊಸ ತಗಡೂ ಅಷ್ಟು ಹೊಳೆಯುವುದಿಲ್ಲ, ಅಷ್ಟು ತಿಳಿಯದ ಎಂಜಿನಿಯರೇ ನೀನು, ತಿಳಿಯದ್ದೇನಲ್ಲ, ಕಣ್ಣು ಎಳೆಯುತ್ತಿತ್ತು, ಒಂದು ಹೆಬ್ಬೆರಳ ಗುರುತು ಒತ್ತಿ ಮೊಬೈಲು ಮಡಿಲಿಗೆ ಹಾಕಿಕೊಂಡು ನಿದ್ದೆ ಹೋಗಿದ್ದಳು. ಆ ಹೆಬ್ಬೆರಳನ್ನು ಕಾಕಾ ಎಲ್ಲರಿಗೂ ತೋರಿಸಿರಬೇಕು, ನೋಡ್ರಿ, ಬೇಟಿಗಿ ಪಸಂದ ಬಂದದ. ಇನ್ನು ಕಣ್ಣು ಮುಚ್ಚಿದರೂ ಬೆರಳೇ ಕಾಣುತ್ತದೆ, ಅವನ ತೋರುಬೆರಳು, ಉಗುರಿನ ಬದಿಗೆ ಬಿಗಿದ ಬಿಳಿ ಬಟ್ಟೆ, ಒತ್ತಿ, ತಿರುವಿ, ಪಕ್ಕಕ್ಕೆ ಸರಿದು, ಮೊಣಕಾಲ ಮೇಲೆ ಎರಡು ದಿನ.

ಏನ್ರಿ ಮೇಡಂ, ಮುಗೀತೇನು, ಅಂತ ಮಾಸ್ತರೇ ಒಳಗೆ ಬಂದರು, ಕಾಗದದ ಮೇಲೆ ಪೆನ್ನು ಅಡ್ಡ ಇಟ್ಟುಕೊಂಡು. ಸಹಿ ಆಗೂದಿಲ್ಲ ಸರ್, ಅಂದಳು, ಅಂದ ಮೇಲೆ ಗೊತ್ತಾಯಿತು ಅಂದುಬಿಟ್ಟೆನೆಂದು, ಒಂದು ಕಪಾಟೂ ಏರಿಸಬ್ಯಾಡ್ರಿ, ತಗಡು ಕಾಂಕ್ರೀಟು ಬ್ಯಾರೆ ಬ್ಯಾರೆ ಆಗ್ಯಾವ, ಬಿಚ್ಚಿದ ಆಸರೆ ಕಂಬ ಇವತ್ತೇ ಮತ್ತ ಕೆಳಗ ನಿಂದ್ರಸಬೇಕು, ಆಮೇಲೆ ಪ್ರತಿ ಅಂಕಣದ ನಡುವೆ ಇನ್ನೆರಡು ತೊಲೆ, ಇಲ್ಲಾ ಒಡೆದು ಹೊಸದು. ಮಾಸ್ತರು ಮೇಲೆ ನೋಡಿದರು, ಅವಳನ್ನು ನೋಡಿದರು, ಲೆಕ್ಕಾನೂ ನಿಮ್ದು, ಬ್ಯಾಡ ಅನ್ನೋರೂ ನೀವೇ, ಐತವಾರದ ಕಾರ್ಡ ಹಂಚಿ ಕುಂತೀನಿ ನಾನು, ನಮ್ಮ ಸಾಲ್ಯಾಗ ಲೆಕ್ಕ ತಪ್ಪಿದ್ರ ಕಿವಿ ಹಿಡ್ಕೊಂಡು ನಿಂದ್ರಸ್ತಿದ್ವಿ ನೋಡ್ರಿ. ಹಿಡ್ಕೋತೀನಿ ಸರ್, ತಪ್ಪು ನಂದೇ, ಅಂದಳು, ಎಷ್ಟು ಸುಲಭವಾಗಿ ಬಂತು ಮಾತು, ಅರ್ಧ ನಿಜವಾದ್ದರಿಂದ ಬಂತು, ಇಷ್ಟಕ್ಕೇ ಮುಗಿದರೆ ಮುಗಿಯಲಿ, ಕಾಕಾನಿಗೆ ತಿಳಿಯುವುದೇ ಬೇಡ. ಹೆಂಗ ನಿಂದು, ಅಂತ ಕಂಬ ಕೆಳಗಿಟ್ಟು ಬಂದೇ ಬಂದ ಬಾಬುಮಿಯಾ, ಆಕಿ ಇಲ್ಲಿ ಇರಲೇ ಇಲ್ಲ ಮಾಸ್ತರ್, ಎಣ್ಣಿ ಹಚ್ಚದಾಂವ ನಾನು, ಎಣ್ಣಿದ್ದು ಏನರೆ ಹೆಚ್ಚು ಕಮ್ಮಿ ಆಗಿತ್ತಂದ್ರ ನನಗ ಕೇಳ್ರಿ. ಆಮೇಲೆ ಅವಳ ಕಡೆ ತಿರುಗಿ, ಮಗುವಿನಂತೆ, ಯಾಕ ಬೇಟಿ, ಕಮ್ಮಿ ಬಿತ್ತೇನು? ಹೇಳದೆ ದಾರಿ ಉಳಿಯಲಿಲ್ಲ, ಎಣ್ಣೆಯಿಂದ ನೆನೆದ ಟಿಕೆಟನ್ನು ಅವನ ಅಂಗೈಯಲ್ಲಿಟ್ಟು ಹೇಳಿದಳು, ಆ ಕುಳಿ ಅದಾವಲ್ಲ ಕಾಕಾ, ಅವು ಕಾಂಕ್ರೀಟ ಹಿಡೀಲಿ ಅಂತ ಮಾಡಿದ್ದು. ಅವನು ಟಿಕೆಟನ್ನು ಬೆಳಕಿಗೆ ಹಿಡಿದ, ಬೆರಳ ನಡುವೆ ಜಾರಿಸಿ ನೋಡಿದ, ಅಂದ್ರ, ಹಿಡೀಬೇಕಿತ್ತಾ ಅದು? ಹೌದು ಕಾಕಾ. ನಾ ಬಿಡಲಿ ಅಂತ ಹಚ್ಚಿದೆ. ಹೌದು ಕಾಕಾ. ಹೊರಗೆ ಕಲ್ಲಿನ ಲಾರಿಯೊಂದು ಏರಿನಲ್ಲಿ ನರಳಿಕೊಂಡು ಹೋಯಿತು, ಅವನು ಕಂಬಗಳ ಸಾಲಿನ ಮೇಲೆ ಮೆಲ್ಲಗೆ ಕೂತ.

ಬರದು ಕೊಡ್ರಿ ಮೇಡಂ, ಅಂದರು ಮಾಸ್ತರು ಕೊನೆಗೆ, ದನಿಯಲ್ಲಿ ಸಿಟ್ಟಿಲ್ಲ, ದಣಿವು, ಸಮಿತಿಗಿ ತೋರಿಸಬೇಕು, ಏನಾತು, ಯಾರಿಂದಾತು, ಎಲ್ಲಾ. ಟೈಪು ಮಾಡಿದ ಕಾಗದದ ಹಿಂಬದಿಗೆ ಬರೆದಳು, ಭಾರ ಹೇರಕೂಡದು, ಹೊಸ ತೊಲೆ ಕೂರುವ ತನಕ ಯಾರೂ ಮೇಲೆ ಹೋಗಕೂಡದು, ಕಾರಣ, ತಗಡಿಗೆ ಎಣ್ಣೆ, ಎಣ್ಣೆ ಬೇಡವೆಂದು ಬಾಯಿಮಾತಿನಲ್ಲಿ ಹೇಳದವಳು, ಫೋಟೋ ನೋಡಿಯೂ ಗುರುತಿಸದವಳು ಸಂಘಮಿತ್ರಾ, ತನ್ನ ಹೆಸರು ಸಲೀಸಾಗಿ ಬಂತು, ಎಣ್ಣೆ ಹಚ್ಚಿದವರು, ಅಲ್ಲಿ ಪೆನ್ನು ನಿಂತಿತು. ಬರಿ ಬೇಟಿ, ಅಂದ ಅವನು ಕೂತಲ್ಲಿಂದಲೇ, ಖಾಲಿ ಬಿಡಬ್ಯಾಡ, ನನ್ನ ಹೆಸರು ಪೂರಾ ಬರಿ, ನಾಳಿ ಇನ್ನೊಬ್ಬ ಮಿಸ್ತ್ರಿ ಹಚ್ಚಬಾರದಲ್ಲ. ಬರೆಯಬೇಕು, ನಾಲ್ಕೇ ಅಕ್ಷರ, ಶೇಖ ಸೇರಿಸಿದರೆ ಆರು, ಬರೆದರೆ ಮುಗಿಯಿತು, ಬಾ ಅಂತ ಬರೆದಳು, ಬೆರಳು, ಬು, ಮಿ ಬರೆಯಹೋದರೆ ಕಾಗದದ ಮೇಲೆ ಕಾಣುವುದು ಬೆರಳಿಗೆ ಸುತ್ತಿದ ಬಟ್ಟೆ, ಒಂದು ಕುಳಿ, ಒತ್ತಿ ತಿರುವಿ, ಪಕ್ಕದ ಕುಳಿ, ಒತ್ತಿ ತಿರುವಿ, ಆಚೆಯ ಸಾಲು, ಮತ್ತೆ ಮೊದಲ ಕುಳಿ, ಬಟ್ಟೆ, ಬೆರಳು, ಒಂದನ್ನೂ ಬಿಡದೆ, ಒಂದನ್ನೂ…