ಯಂತ್ರದ ತಟ್ಟೆ

ಆ ಸಂಶೋಧನಾಲಯದಲ್ಲಿ ಪ್ರತಿ ಊಟವನ್ನೂ ಎರಡು ತಟ್ಟೆಗೆ ಬಡಿಸುತ್ತಿದ್ದರು. ಒಂದು ಮನುಷ್ಯನಿಗೆ, ಇನ್ನೊಂದು ಯಂತ್ರಕ್ಕೆ. ಎರಡರಲ್ಲೂ ಅದೇ ಬ್ರೆಡ್ಡು, ಅದೇ ಬೇಳೆ, ಅದೇ ಆಲೂಗೆಡ್ಡೆ, ಮೇಲೆ ಒಂದೊಂದು ಚಮಚ ಎಣ್ಣೆ. ತೂಕದಲ್ಲಿ ಗುಲಗಂಜಿಯಷ್ಟೂ ವ್ಯತ್ಯಾಸವಿರಬಾರದು. ಮನುಷ್ಯ ತನ್ನ ತಟ್ಟೆಯದನ್ನು ಉಣ್ಣುತ್ತಿದ್ದ. ಯಂತ್ರದ ತಟ್ಟೆಯದನ್ನು ಅಲ್ಲಿ ಕೆಲಸಕ್ಕಿದ್ದ ಡಬ್ಬಿ ಅಕ್ಕ ಮಿಕ್ಸಿಗೆ ಸುರಿದು ರುಬ್ಬಿ, ಒಣಗಿಸಿ, ಪುಡಿ ಮಾಡಿ, ಉಕ್ಕಿನ ಪಾತ್ರೆಯೊಳಗೆ ಸುಡುತ್ತಿದ್ದಳು. ಸುಟ್ಟಾಗ ಎಷ್ಟು ಶಾಖ ಬರುತ್ತದೋ ಅಷ್ಟು ಶಕ್ತಿ ಮನುಷ್ಯನ ಹೊಟ್ಟೆಗೂ ಹೋಯಿತೆಂದು ತಿಳಿಯುವುದು ಅಲ್ಲಿನ ಪದ್ಧತಿ.

ಅವಳಿಗೆ ಡಬ್ಬಿ ಅಕ್ಕ ಎಂಬ ಹೆಸರು ಬಂದದ್ದು ಬೇರೆ ಕಾರಣಕ್ಕೆ. ಒಳಗೆ ಹೋದದ್ದನ್ನು ಸುಟ್ಟರೆ ಸಾಲದು, ಮೈಗೆ ಹತ್ತದೆ ಹೊರಗೆ ಬಂದದ್ದನ್ನೂ ಸುಡಬೇಕು. ಕಕ್ಕಸಿನಿಂದ ಮುಚ್ಚಳ ಹಾಕಿದ ಡಬ್ಬಿಗಳು ದಿನಾ ಬೆಳಿಗ್ಗೆ ಅವಳ ಮೇಜಿಗೆ ಬರುತ್ತಿದ್ದವು. ಅದಕ್ಕೆ ಬೇರೆ ಮಿಕ್ಸಿ. ಆರು ವರ್ಷವಾದರೂ ಮುಚ್ಚಳ ತೆಗೆಯುವ ಹೊತ್ತಿಗೆ ಅವಳು ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದಳು. ಒಣಗಿಸಿ ಪುಡಿ ಮಾಡಿದ ಮೇಲಂತೂ ಎರಡೂ ಒಂದೇ, ಅದೇ ಕಂದು ಪುಡಿ. ಚೀಟಿ ಅಂಟಿಸದಿದ್ದರೆ ಯಾವುದು ಊಟ, ಯಾವುದು ಅಲ್ಲ ಎಂದು ಹೇಳುವಂತಿರಲಿಲ್ಲ. ಮನೆಯಲ್ಲಿ ಉಣ್ಣಲು ಕೂತಾಗ ಆ ಪುಡಿ ಕಣ್ಣಮುಂದೆ ಬಂದು ಅವಳು ಅರ್ಧಕ್ಕೇ ಏಳುತ್ತಿದ್ದಳು.

ಈ ಸಲ ಪರೀಕ್ಷೆಗೆ ಒಪ್ಪಿ ಬಂದವನು ಒಬ್ಬ ದರ್ಜಿ. ಕೂತರೆ ಮಂಚ ನರಳುವಷ್ಟು ದಪ್ಪ. ಹದಿನಾಲ್ಕು ದಿನ ಅವನು ಆ ಕೋಣೆ ಬಿಟ್ಟು ಕದಲುವಂತಿರಲಿಲ್ಲ. ಬೀಗದ ಕೈ ಡಬ್ಬಿ ಅಕ್ಕನ ಸೊಂಟದಲ್ಲಿತ್ತು.

“ಊರಿನವರ ಸೊಂಟವೆಲ್ಲ ನನ್ನ ಟೇಪಲ್ಲಿದೆ ಅಕ್ಕಾ, ನನ್ನ ಸೊಂಟ ಮಾತ್ರ ಊರಿನವರ ಬಾಯಲ್ಲಿದೆ,” ಎಂದು ಅವನು ಮೊದಲ ದಿನವೇ ನಕ್ಕಿದ್ದ. ಆಮೇಲೆ ನಗು ನಿಲ್ಲಿಸಿ ಹೇಳಿದ್ದ: “ಇಪ್ಪತ್ತು ವರ್ಷದಿಂದ ನಮ್ಮನೆಯವಳು ನನ್ನನ್ನ ಕದ್ದು ತಿನ್ನೋನು ಅಂತಾಳೆ. ಅಡುಗೆಮನೆ ಕಪಾಟಿಗೆ ಬೀಗ ಹಾಕ್ತಾಳೆ, ಅದೂ ಮಕ್ಕಳ ಎದುರಿಗೆ. ನಾನು ತಿನ್ನೋದು ಗುಬ್ಬಿಯಷ್ಟು. ನನ್ನ ಒಳಗಿನ ಒಲೆಯೇ ಮಂದ ಅಕ್ಕಾ. ಅಷ್ಟನ್ನ ಕಾಗದದ ಮೇಲೆ ಬರೆದುಕೊಡಿ. ಚೌಕಟ್ಟು ಹಾಕಿಸಿ ಆ ಕಪಾಟಿನ ಬಾಗಿಲಿಗೇ ಹೊಡೀತೀನಿ.”

ಆ ಕಾಗದದ ಆಸೆಗೆ ಅವನು ಎಲ್ಲಕ್ಕೂ ತಲೆಬಾಗಿದ. ಬೆಳಿಗ್ಗೆ ಏಳುವ ಮುನ್ನ ಪಾರದರ್ಶಕ ಪ್ಲಾಸ್ಟಿಕ್ ಗೂಡಿನೊಳಗೆ ತಲೆಯಿಟ್ಟು ಅರ್ಧ ಗಂಟೆ ಮಲಗುತ್ತಿದ್ದ. ಅವನು ಎಳೆದ ಗಾಳಿ, ಬಿಟ್ಟ ಗಾಳಿ ಅಳೆದರೆ ಮೈಯೊಳಗೆ ಎಷ್ಟು ಉರಿಯುತ್ತಿದೆ ಎಂಬುದು ತಿಳಿಯುತ್ತಿತ್ತು. ಉಂಡ ಮೇಲೆ ತಟ್ಟೆಯನ್ನು ಬೆರಳಿನಿಂದ ಬಳಿದು ನೆಕ್ಕಿ, ನೀರು ಹಾಕಿ ಗಲಬರಿಸಿ, ಆ ನೀರನ್ನೂ ಕುಡಿಯಬೇಕು. ಒಂದು ತುತ್ತೂ ಲೆಕ್ಕ ತಪ್ಪಬಾರದು. ಅವನು ಕುಡಿದು ಮುಗಿಸುವವರೆಗೆ ಎದುರು ನಿಂತು ನೋಡುವುದು ಡಬ್ಬಿ ಅಕ್ಕನ ಕೆಲಸ. ಅವನ ಗಂಟಲುಮಣಿ ಮೇಲೆ ಕೆಳಗೆ ಆಡುವಾಗ ಅವಳು ಗೋಡೆಯ ಗಡಿಯಾರ ನೋಡುತ್ತಿದ್ದಳು.

ಒಂಬತ್ತನೆಯ ದಿನ ಮೇಡಂ, ಅಂದರೆ ಆ ಸಂಶೋಧನೆಯ ಯಜಮಾನಿ, ಅಂಕಿಗಳನ್ನೆಲ್ಲ ಮುಂದಿಟ್ಟುಕೊಂಡು ಕೂತರು.

“ಉಸಿರು ಹೇಳೋ ಪ್ರಕಾರ ಇವನು ಚೆನ್ನಾಗಿಯೇ ಉರಿಸ್ತಿದಾನೆ. ಯಂತ್ರ ಹೇಳೋ ಪ್ರಕಾರ ತಿಂದಿರೋದು ಅದಕ್ಕಿಂತ ಎಷ್ಟೋ ಕಮ್ಮಿ. ತೂಕ ಇಳೀಬೇಕಿತ್ತು. ಅರ್ಧ ಕಿಲೋ ಏರಿದಾನೆ! ಗಾಳಿ ತಿಂದು ಯಾರಾದ್ರೂ ಊದ್ತಾರೇನಮ್ಮ? ಎಲ್ಲೋ ಕದ್ದು ಮೇಯ್ತಿದಾನೆ. ಇವತ್ತೇ ಕಳಿಸಿಬಿಡೋಣ. ಗುಟ್ಟಾಗಿ ತಿಂದಿದಾರೆ ಅಂತ ಅವನು ಕೇಳಿದ ಪತ್ರದಲ್ಲೇ ಬರೀತೀನಿ. ಹೆಂಡತಿಗೆ ಫೋನ್ ಮಾಡಿದೀನಿ, ಸಂಜೆ ಬರ್ತಾರೆ.”

ಡಬ್ಬಿ ಅಕ್ಕ ಹಾಸಿಗೆ ಮಗುಚಿದಳು, ದಿಂಬು ಹಿಂಡಿದಳು, ಅವನ ಚಪ್ಪಲಿಯನ್ನೂ ತಿರುಗಿಸಿದಳು. ಏನೂ ಸಿಗಲಿಲ್ಲ. ಅಂದಿನ ಡಬ್ಬಿಯನ್ನು ಇನ್ನೂ ರುಬ್ಬಿರಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿ, ಕಡ್ಡಿಯಿಂದ ಕೆದಕಿದಳು. ಹೊರಗಿನ ಒಂದು ಬೀಜವಿಲ್ಲ, ಒಂದು ಸಿಪ್ಪೆಯಿಲ್ಲ. ಕಣ್ಣಲ್ಲಿ ನೀರು ಬಂತು, ವಾಸನೆಗೆ.

ಮಧ್ಯಾಹ್ನ ಯಂತ್ರದ ಪಾಲನ್ನು ರುಬ್ಬಿ ಮಿಕ್ಸಿಯ ಜಾರನ್ನು ನಲ್ಲಿಗೆ ಹಿಡಿದಳು. ತಣ್ಣೀರಿಗೇ ಕನ್ನಡಿಯಂತೆ ಸ್ವಚ್ಛವಾಯಿತು. ದರ್ಜಿ ನೆಕ್ಕಿ, ತೊಳೆದು ಕುಡಿದಿಟ್ಟ ತಟ್ಟೆಯನ್ನು ಎತ್ತಿಕೊಂಡಳು. ಅದು ಕೈಯಿಂದ ಜಾರಿತು. ಬೆರಳಿಗೆ ಜಿಡ್ಡು ಮೆತ್ತಿಕೊಂಡಿತು. ಒಂದೇ ಅಡುಗೆ, ಒಂದೇ ತೂಕ. ಒದ್ದೆ ಕೈಯಲ್ಲೇ ಅಡುಗೆಮನೆಗೆ ಓಡಿದಳು.

“ದೊಡ್ಡಮ್ಮಾ, ಯಂತ್ರದ ತಟ್ಟೆಗೆ ಎಣ್ಣೆ ಹಾಕಿದ್ರಾ?”

ಅಡುಗೆಯವಳು ಸೌಟು ಕೆಳಗಿಡಲಿಲ್ಲ. “ಅದಕ್ಯಾಕೆ ಮಗಳೇ ಎಣ್ಣೆ? ಅದೇನು ಬಾಣಂತಿನಾ? ಹೇಗಿದ್ರೂ ಸುಡೋದು ತಾನೆ. ಅಷ್ಟು ದೊಡ್ಡ ಗಂಡಸು ತಟ್ಟೆ ತೊಳೆದ ನೀರು ಕುಡೀತಾನೆ. ನೋಡಿದ್ರೆ ಹೊಟ್ಟೆ ಚುರ್ ಅನ್ನುತ್ತೆ. ಅದರ ಪಾಲಿನ ಚಮಚಾನೂ ಅವನಿಗೇ ಹಾಕಿದೆ.”

“ಪ್ರತಿ ಹೊತ್ತೂ?”

“ಹ್ಞೂಂ ಮತ್ತೆ. ತೂಕ ತಪ್ಪಿಲ್ಲಮ್ಮ. ಅದಕ್ಕೆ ಬೇಳೆ ಕಟ್ಟು ಹೆಚ್ಚು, ಇವನಿಗೆ ಕಮ್ಮಿ. ನಂಗೂ ಬುದ್ಧಿ ಇದೆ.”

ಡಬ್ಬಿ ಅಕ್ಕ ಬೆರಳಿನ ಜಿಡ್ಡು ನೋಡಿಕೊಂಡಳು. ಡಬ್ಬಿಯ ವಾಸನೆಗಿಂತ ಈ ಕರುಣೆಯ ಜಿಡ್ಡೇ ಹೆಚ್ಚು ಅಸಹ್ಯವೆನಿಸಿತು. ಸೋಪು ಹಾಕಿ ಎರಡು ಸಲ ಕೈ ತೊಳೆದಳು.

ಅವಳು ಬರುವಷ್ಟರಲ್ಲಿ ಮೇಡಂ ಪತ್ರ ಬರೆದು ದರ್ಜಿಯ ಕೋಣೆಗೆ ತಂದಿದ್ದರು. ಅವನ ಮುಖ ಹಿಸುಕಿದ ಹಿಟ್ಟಿನಂತಾಗಿತ್ತು. ಡಬ್ಬಿ ಅಕ್ಕ ಬಾಗಿಲಲ್ಲೇ ನಿಂತು ಎಣ್ಣೆಯ ಸಂಗತಿ ಹೇಳಿದಳು. ಮೇಡಂ “ಒಂಬತ್ತು ದಿನ ನೀರಲ್ಲಿ ಹೋಮ,” ಎಂದು ಪತ್ರ ಹರಿದರು.

ದರ್ಜಿ ಎದ್ದು ನಿಂತ. “ನೋಡಿದ್ರಾ! ನಾನು ಕಳ್ಳ ಅಲ್ಲ! ಹಾಗಂತ ಬರೆದುಕೊಡಿ ಮೇಡಂ. ನನ್ನ ಒಲೆ ಮಂದ ಅಂತಾನೂ ಸೇರಿಸಿ.”

“ಮಂದ ಅಲ್ಲ,” ಎಂದರು ಮೇಡಂ. “ಎಣ್ಣೆಯಿಂದ ಊಟದ ಅಂಕಿ ಕೆಟ್ಟಿದೆ, ಉಸಿರಿನದು ಕೆಟ್ಟಿಲ್ಲ. ನಿಮ್ಮಂಥ ಮೈಯವರು ಎಷ್ಟು ಉರಿಸಬೇಕೋ ಅಷ್ಟೇ ಉರಿಸ್ತಿದೀರಿ. ಒಂದು ಚೂರೂ ಕಮ್ಮಿ ಇಲ್ಲ.”

“ಅಂದ್ರೆ?”

“ಅಂದ್ರೆ ಇಲ್ಲಿ ಕದ್ದಿಲ್ಲ. ಆದ್ರೆ ಗುಬ್ಬಿಯಷ್ಟು ತಿಂದು ಈ ಮೈ ನಿಲ್ಲಲ್ಲ. ಮನೇಲಿ ತಿಂದೇ ತಿಂದಿದೀರಿ.”

ಅವನು ಮತ್ತೆ ಕೂತ. ಮಂಚ ನರಳಿತು. “ಮೊದಲಿನದನ್ನ ಮಾತ್ರ ಬರೀರಿ.”

“ಬರೆದ್ರೆ ಎರಡನ್ನೂ ಬರೀತೀನಿ.”

ಅವನು ತನ್ನ ಚೀಲ ಹತ್ತಿರಕ್ಕೆ ಎಳೆದುಕೊಂಡ. “ಹಾಗಾದ್ರೆ ಕಾಗದವೇ ಬೇಡ. ಅವಳು ಬಾಯಲ್ಲಿ ಅಂದ್ರೆ ಅಲ್ಲ ಅನ್ನಬಹುದು. ಕಾಗದವೇ ಹಾಗಂದ್ರೆ ಏನನ್ನಲಿ?”

ಸಂಜೆ ಡಬ್ಬಿ ಅಕ್ಕ ಬಾಗಿಲು ತೆರೆದುಬಿಟ್ಟಳು. ಅವನು ಚೀಲ ಹಿಡಿದು, ಮೆಟ್ಟಿಲ ಪಕ್ಕದ ಕಂಬಿಗೆ ಆತುಕೊಂಡು ಒಂದೊಂದೇ ಇಳಿದ. ಕೆಳಗಿನಿಂದ ಹೆಂಗಸಿನ ದನಿ ಕೇಳಿತು.

“ಏನಂದ್ರು? ಏನು ಬಂತು?”

“ಏನೂ ಇಲ್ಲ ಕಣೇ. ಇವರ ಮಿಷನ್ನೇ ಕೆಟ್ಟಿತ್ತಂತೆ.”

ಮೇಲೆ ನಿಂತ ಡಬ್ಬಿ ಅಕ್ಕನ ಬಾಯಲ್ಲಿ ಎಂಜಲು ತುಂಬಿಕೊಂಡಿತು. ನುಂಗಲಾಗಲಿಲ್ಲ. ಒಳಗೆ ಹೋಗಿ ತೊಟ್ಟಿಗೆ ಉಗಿದಳು.