ಡಬ್ಬಿಗೆ ಹೊಲಿದ ಗವಸು

ನಮ್ಮ ಮುಂದಿನ ಕೋಣೆಯಲ್ಲಿ, ಹೊಲಿಗೆ ಯಂತ್ರದ ಮೇಲಿನ ಹಲಗೆಯಲ್ಲಿ, ನೂಲಿನ ಉಂಡೆಗಳ ಪಕ್ಕ ಒಂದು ಡಬ್ಬಿ ಕೂತಿದೆ. ಸಾಬೂನಿನ ಪೆಟ್ಟಿಗೆಗಿಂತ ಒಂದಿಷ್ಟು ದೊಡ್ಡದು. ಅದರ ಮೂತಿಯಲ್ಲಿ ಹಸಿರು ದೀಪವೊಂದು ಮಿಣಮಿಣ ಅನ್ನುತ್ತಿರುತ್ತದೆ. ಬಟ್ಟೆ ಕೊಡಲು ಬಂದವರು ಅದೇನೆಂದು ಕೇಳಿದರೆ, 'ನಮ್ಮ ಹರಟೆಕಟ್ಟೆ' ಎನ್ನುತ್ತೇನೆ. ಅವರು ನಕ್ಕು ತೋಳಿನ ಅಳತೆಗೆ ಕೈ ಚಾಚುತ್ತಾರೆ.

ಅದನ್ನು ಅಲ್ಲಿ ಕೂರಿಸಿದವಳು ನನ್ನ ಸೊಸೆ. ಆಸ್ಪತ್ರೆಯಲ್ಲಿ ಕಂಪ್ಯೂಟರುಗಳ ಯೋಗಕ್ಷೇಮ ನೋಡಿಕೊಳ್ಳುವ ಕೆಲಸ ಅವಳದು. ಪಾಳಿಯ ಮೇಲೆ ಹೋಗುತ್ತಾಳೆ, ಬರುತ್ತಾಳೆ. ಆಸ್ಪತ್ರೆಯಲ್ಲಿ ಮಾಡಿದ್ದು ಸಾಲದೆಂದು ಮನೆಗೆ ಬಂದು ಇದರ ಮುಂದೆ ಕೂರುತ್ತಿದ್ದಳು. ಬಂಧುಗಳು, ನಮ್ಮ ಬೀದಿಯವರು, ಅವರ ಪೈಕಿ ಇವರ ಪೈಕಿ ಅಂತ ಒಂದಿಷ್ಟು ಜನ ತಮ್ಮ ತಮ್ಮ ಫೋನಿನಿಂದ ಈ ಡಬ್ಬಿಗೆ ಬರೆಯುತ್ತಾರೆ. ಬರೆದದ್ದನ್ನು ಉಳಿದವರು ಓದುತ್ತಾರೆ. ಅಷ್ಟೇ ಇದರ ಕೆಲಸ.

ಮೊದಲ ದಿನ ಅವಳು ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ.

"ಇದು ನಮ್ಮದೇ ಮಾವ. ಮಧ್ಯದಲ್ಲಿ ಯಾರೂ ಬಂದು ಸೋಪು, ಎಣ್ಣೆ ಮಾರಲ್ಲ. ಯಾರು ಯಾವಾಗ ಬರೆದ್ರೋ ಅದೇ ಸಾಲಿನಲ್ಲಿ ಕಾಣ್ಸತ್ತೆ. ಎಲ್ಲಿಂದಲೋ ಬಂದಿದ್ದನ್ನ ಇಲ್ಲಿಗೆ ತಳ್ಳೋ ಹಾಗಿಲ್ಲ, ಸ್ವಂತ ಮಾತು ಮಾತ್ರ."

"ಹಾಗಾದ್ರೆ ನಿನ್ನ ಗಂಡ ಏನು ಬರೀತಾನಮ್ಮ?" ಎಂದೆ.

ಬಸ್ಸು ಓಡಿಸುವ ನನ್ನ ಮಗ ಒಳಗಿನಿಂದಲೇ ಕೂಗಿದ: "ಅಪ್ಪ, ನಂಗೆ ಕೇಳಿಸ್ತು!"

ಎಲ್ಲರಿಗಿಂತ ಹೆಚ್ಚು ಈ ಡಬ್ಬಿ ಒದಗಿದ್ದು ನನ್ನ ಅಕ್ಕನಿಗೆ. ಆಕೆ ದೂರದ ಊರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ವಯಸ್ಸಾಗುತ್ತ ಆಕೆಯ ಕಿವಿ ಪೂರ್ತಿ ಕೈಕೊಟ್ಟಿತು. ಫೋನು ಮಾಡಿದರೆ 'ಏನು? ಏನಂದೆ?' ಎಂಬ ಎರಡು ಮಾತಿನಲ್ಲೇ ನಮ್ಮ ಮಾತುಕತೆ ಮುಗಿದುಹೋಗುತ್ತಿತ್ತು. ಎಲ್ಲರೂ ಬಳಸುವ ದೊಡ್ಡ ಜಾಲತಾಣದಲ್ಲಿ ಬರೆದು ನೋಡಿದೆವು. ಅಲ್ಲಿ ಆಕೆ ಬೆಳಿಗ್ಗೆ ಬರೆದದ್ದು ಯಾರದೋ ಮದುವೆ, ಇನ್ಯಾರದೋ ಜಗಳ, ಕೂದಲು ಬೆಳೆಸುವ ಮದ್ದು ಇವೆಲ್ಲದರ ಅಡಿ ಸಿಕ್ಕಿ, ನನಗೆ ಕಾಣುವಾಗ ವಾರ ಕಳೆದಿರುತ್ತಿತ್ತು. ಹೊತ್ತು ಮೀರಿ ಮುಟ್ಟಿದರೆ ನಮ್ಮಿಬ್ಬರಿಗೆ ಅದರಿಂದ ಪ್ರಯೋಜನವಿಲ್ಲ. ಯಾಕೆಂದರೆ ಆಕೆ ಬರೆಯುತ್ತಿದ್ದುದು ಒಂದೇ ಮಾತು: 'ಎದ್ದೆ.'

ಅದು ನಮ್ಮ ಅಮ್ಮನ ಕಾಲದ್ದು. ಅಮ್ಮ ಗಿರಣಿಯ ಕೆಲಸಕ್ಕೆ ಹೋಗುತ್ತಿದ್ದವಳು. ನಸುಕಿನಲ್ಲೇ ಮನೆ ಬಿಡಬೇಕಿತ್ತು. ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು. ಒಳಗಿನಿಂದ ಅಕ್ಕ 'ಎದ್ದೆ' ಅನ್ನಬೇಕು, ಅವಳ ಬೆನ್ನಿಗೇ ನಾನು 'ನಾನೂ' ಅನ್ನಬೇಕು. ಎರಡೂ ಕೇಳಿದ ಮೇಲೇ ಅಮ್ಮನ ಹೆಜ್ಜೆ ಬೀದಿಗೆ ಬೀಳುತ್ತಿತ್ತು. ಎಷ್ಟೋ ದಿನ ನಾನು ಕಣ್ಣು ಬಿಡದೆಯೇ 'ನಾನೂ' ಎಂದು ಮಗ್ಗುಲು ಬದಲಿಸಿದ್ದಿದೆ. ಅಮ್ಮ ಹೋದಳು, ಗಿರಣಿಯೂ ಹೋಯಿತು. ಆ ಎರಡು ಮಾತು ಮಾತ್ರ ಉಳಿದುಕೊಂಡವು. ಡಬ್ಬಿ ಬಂದ ಮೇಲೆ ದಿನಾ ಬೆಳಿಗ್ಗೆ ಅಕ್ಕನ 'ಎದ್ದೆ' ಬರುತ್ತಿತ್ತು, ನಾನು ತಡವರಿಸುವ ಬೆರಳಲ್ಲಿ 'ನಾನೂ' ಒತ್ತುತ್ತಿದ್ದೆ. ಆಮೇಲೆ ಯಂತ್ರಕ್ಕೆ ಕಾಲು ಕೊಟ್ಟರೆ ದಿನ ತಾನಾಗಿ ಉರುಳುತ್ತಿತ್ತು.

ಹೀಗಿರುವಾಗ ಸೊಸೆಗೆ ಸುಸ್ತು ಹತ್ತತೊಡಗಿತು. ಒಬ್ಬರು ಗುಟ್ಟಿನ ಪದ ಮರೆತು ಒಳಗೆ ಬರಲಾಗದೆ ಬಾಗಿಲು ಬಡಿಯುವವರು. ಇನ್ನೊಬ್ಬರು ಮೊಮ್ಮಗುವಿನ ನಗುವನ್ನೆಲ್ಲ ಹಾಕಿ ಡಬ್ಬಿಯ ಹೊಟ್ಟೆ ಉಬ್ಬಿಸುವವರು. ಒಂದು ಸಲ ಯಾರೋ ಗುರುತಿಲ್ಲದವರು ನುಗ್ಗಿ ರಾಶಿ ಕಸ ಸುರಿದು ಹೋದರು. ರಜೆಯ ದಿನವೆಲ್ಲ ಅವಳು ಅದನ್ನೇ ಗುಡಿಸಿದಳು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಕೊನೆಗೆ ಒಂದು ದಿನ ಡಬ್ಬಿಯಲ್ಲೇ ಬರೆದಳು: 'ಈ ತಿಂಗಳ ಕೊನೆಗೆ ಇದನ್ನು ಮುಚ್ಚುತ್ತೇನೆ. ಬೇಕಾದ್ದನ್ನು ನಿಮ್ಮ ನಿಮ್ಮ ಫೋನಿಗೆ ಇಳಿಸಿಕೊಳ್ಳಿ.'

ಇನ್ನು ಅಕ್ಕ ಎದ್ದಳೋ ಇಲ್ಲವೋ ನನಗೆ ಹೇಗೆ ತಿಳಿಯಬೇಕು? ಆದರೆ ಆ ಹುಡುಗಿಯ ಮುಖ ನೋಡಿ ಬಾಯಿ ತೆರೆಯಲು ಮನಸ್ಸಾಗಲಿಲ್ಲ. ಅಕ್ಕನೂ ಇಷ್ಟೇ ಬರೆದಳು: 'ಮುಚ್ಚಲಿ. ಪಾಪ, ಎಷ್ಟೂಂತ ದುಡಿಯುತ್ತೆ ಕೂಸು.' ಉಳಿದವರೂ 'ಆಗಲಿ', 'ಸರಿ' ಅಂದರು. ಯಾರೂ ಬೇಡ ಎನ್ನಲಿಲ್ಲ.

ಅದೇ ವಾರ ಸೊಸೆ ತರಬೇತಿಗೆಂದು ಬೇರೆ ಊರಿಗೆ ಹೋದಳು. ಚಳಿ ಶುರುವಾಗಿತ್ತು. ಮುಂದಿನ ಕೋಣೆಯಲ್ಲಿ ಬಟ್ಟೆಯ ಎಳೆ, ಗುರುತು ಹಾಕುವ ಚಾಕ್‌ನ ಪುಡಿ ಎಲ್ಲ ಹಾರಿ ಹೋಗಿ ಡಬ್ಬಿಯ ತಲೆಯ ಮೇಲೆ ಕೂರುತ್ತಿದ್ದವು. ಇರುವಷ್ಟು ದಿನವಾದರೂ ಚೆನ್ನಾಗಿರಲಿ ಅನ್ನಿಸಿತು. ನಮ್ಮ ಕಸುಬಿನಲ್ಲಿ ಯಂತ್ರವನ್ನು ಬರಿಮೈಯಲ್ಲಿ ಬಿಡುವುದಿಲ್ಲ, ಗವಸು ಹಾಕುತ್ತೇವೆ. ಒಬ್ಬರ ಕೋಟಿಗೆ ತಂದ ಕಡುನೀಲಿ ಬಟ್ಟೆಯಲ್ಲಿ ತುಂಡು ಮಿಕ್ಕಿತ್ತು. ಒಳಗೆ ಹತ್ತಿ ತುಂಬಿ, ಅಸ್ತರು ಕೊಟ್ಟು, ವೈರು ಹೊರಬರಲು ಕಾಜ ಮಾಡಿ, ಅಂಚಿಗೆ ಕೈಹೊಲಿಗೆ ಹಾಕಿದೆ. ತೊಡಿಸಿದರೆ ಎಳೆಮಗುವಿಗೆ ಕುಲಾವಿ ಇಟ್ಟ ಹಾಗೆ ಕಂಡಿತು. ಪಕ್ಕದ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುವ ನಮ್ಮ ಗಂಟೆಯಣ್ಣ ಬಂದು ನೋಡಿ, "ನನಗೂ ಇಷ್ಟು ಚೆಂದದ ಕೋಟು ಹೊಲಿದುಕೊಟ್ಟಿಲ್ಲವಲ್ಲ ಮಾರಾಯ" ಎಂದ.

ಮರುದಿನ ಬೆಳಿಗ್ಗೆ 'ಎದ್ದೆ' ಬರಲಿಲ್ಲ. ಫೋನಿನಲ್ಲಿ ಡಬ್ಬಿಯೇ ತೆರೆಯಲಿಲ್ಲ. ದೀಪ ಗವಸಿನೊಳಗಿತ್ತು, ಉರಿಯುತ್ತಿದೆಯೋ ಆರಿದೆಯೋ ಯಾರಿಗೂ ಕಾಣುವಂತಿರಲಿಲ್ಲ. ಸೊಸೆ ಅಲ್ಲಿಂದಲೇ ಮುಚ್ಚಿರಬೇಕು, ಹೇಳಿದ್ದಕ್ಕಿಂತ ಮುಂಚೆ ಮುಚ್ಚಿದ್ದಾಳೆ, ಅಷ್ಟು ಸಾಕಾಗಿದೆ ಅವಳಿಗೆ ಎಂದುಕೊಂಡೆ. ಕೇಳಿ ನೋಯಿಸುವುದೇಕೆ? ಮಗನಿಗೆ ಒಮ್ಮೆ ನೋಡು ಎಂದದ್ದಕ್ಕೆ ಅವನು ಎರಡು ಹೆಜ್ಜೆ ಹಿಂದೆ ಸರಿದ. "ಅದನ್ನ ಮುಟ್ಟಿದ್ರೆ ಅವಳು ನನ್ನ ಕೈ ಮುರೀತಾಳಪ್ಪ. ಬಸ್ಸು ಕೊಡಿ, ಓಡಿಸ್ತೀನಿ. ಇದು ಬೇಡ."

ಅಕ್ಕನ ಮಗಳಿಗೆ ಫೋನು ಮಾಡಿ, ನಾನು ಚೆನ್ನಾಗಿದ್ದೇನೆ, ಡಬ್ಬಿ ಮುಚ್ಚಿದೆ, ಅಮ್ಮನಿಗೆ ಹೇಳು ಎಂದೆ. ಅವಳೂ ಹೇಳಿದಳಂತೆ.

ಇದಾಗಿ ಸ್ವಲ್ಪ ದಿನಕ್ಕೆ, ನಾನು ಒಂದು ಕಪ್ಪು ಪ್ಯಾಂಟಿನ ಮಡಿಕೆ ಬಿಚ್ಚುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿದರೆ ಕೈಚೀಲ ಹಿಡಿದುಕೊಂಡು ಅಕ್ಕ! ಹಿಂದೆ ಮುಖ ಸಣ್ಣಗೆ ಮಾಡಿಕೊಂಡ ಅವಳ ಮಗಳು.

"ಎದ್ದಿದ್ದೀಯೇನೋ?" ಅಕ್ಕ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಎಷ್ಟು ಹೇಳಿದ್ರೂ ಕೇಳ್ಲಿಲ್ಲ ಮಾವ," ಮಗಳು ಚೀಲ ಇಳಿಸಿದಳು. "ತಮ್ಮ ಚೆನ್ನಾಗಿದ್ದಾನೆ ಅಂದ್ರೆ, ನೀನು ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ ಅಂತಾಳೆ. ಅವಳ ಕಣ್ಣಿಗೆ ಬೀಳದ್ದೆಲ್ಲ ಸುಳ್ಳಂತೆ."

ನಾನು ಗುರುತು ಹಾಕುವ ಚಾಕ್ ಎತ್ತಿಕೊಂಡೆ. ಆ ಕಪ್ಪು ಪ್ಯಾಂಟಿನ ಕಾಲಿನ ಮೇಲೆ ದೊಡ್ಡದಾಗಿ ಬರೆದು ಹಿಡಿದೆ: 'ಎದ್ದಿದ್ದೇನೆ.' ಅಕ್ಕ ಓದಿದಳು. ಬರೆದದ್ದನ್ನೇ ನಂಬದವಳ ಹಾಗೆ ನನ್ನ ಗಲ್ಲ ಹಿಡಿದು ಆಚೆ ಈಚೆ ತಿರುಗಿಸಿ ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, "ಕುಡಿಯೋಕೆ ಬಿಸಿಯಾಗಿ ಏನಾದ್ರೂ ಕೊಡು. ಬಸ್ಸಿನವನು ಹೊಂಡ ಹುಡುಕಿ ಹುಡುಕಿ ಇಳಿಸಿದ" ಎಂದಳು.

ಸೊಸೆಯ ತರಬೇತಿ ಮುಗಿದದ್ದೂ ಅದೇ ದಿನ. ಸಂಜೆಗೆ ಮನೆಗೆ ಬಂದವಳು ಅಕ್ಕನನ್ನು ನೋಡಿ ಅಲ್ಲೇ ನಿಂತಳು.

"ಅತ್ತೆ! ಏನು ಹೀಗೆ ಇದ್ದಕ್ಕಿದ್ದ ಹಾಗೆ?"

"ನೀನು ಮುಚ್ಚಿದ್ಯಲ್ಲಮ್ಮ, ಅದಕ್ಕೆ ನೋಡ್ಕೊಂಡು ಹೋಗೋಣ ಅಂತ ಬಂದ್ರು," ಎಂದೆ ನಾನು, ಆದಷ್ಟು ಮೆಲ್ಲಗೆ.

"ನಾನೆಲ್ಲಿ ಮುಚ್ಚಿದೆ? ತಿಂಗಳು ಇನ್ನೂ ಮುಗಿದಿಲ್ಲ. ಅಲ್ಲಿ ತಲೆ ಎತ್ತೋಕೆ ಪುರುಸೊತ್ತಿರ್ಲಿಲ್ಲ, ಡಬ್ಬಿ ಕಡೆ ನೋಡೇ ಇಲ್ಲ." ಹಾಗೆನ್ನುತ್ತಲೇ ಅವಳ ಕಣ್ಣು ಹಲಗೆಗೆ ಹೋಯಿತು. "ಮಾವ... ಅದೇನದು?"

"ಗವಸು. ದೂಳು ಬೀಳ್ತಿತ್ತು. ಚಳಿ ಬೇರೆ."

ಅವಳು ಗವಸು ಎತ್ತಿ, ಡಬ್ಬಿಯನ್ನು ಮುಟ್ಟಿ ನೋಡಿದಳು. ದೀಪ ಆರಿತ್ತು. ಒಳಗಿನ ಹತ್ತಿ ಅದುಮಿ ನೋಡಿದಳು, ಅಂಚಿನ ಕೈಹೊಲಿಗೆಯ ಮೇಲೆ ಬೆರಳಾಡಿಸಿದಳು. ಬೈಯುತ್ತಾಳೆಂದು ನಾನು ಕಾದೆ. ಅವಳ ಭುಜ ಅಲುಗತೊಡಗಿತು. ನಗು ತಡೆಯಲಾಗದೆ ಗವಸಿಗೆ ಮುಖ ಒತ್ತಿಕೊಂಡಳು.

"ಮಾವ, ಇದಕ್ಕೆ ಒಳಗೇ ಕಾವು ಇರತ್ತೆ. ಆ ಕಾವು ಹೊರಗೆ ಹೋಗ್ಬೇಕು. ನೀವು ಹೊದಿಸಿ ಬೆಚ್ಚಗೆ ಮಲಗಿಸಿಬಿಟ್ಟಿದ್ದೀರ! ಸೆಕೆ ತಡೀಲಾರದೆ ತಾನೇ ನಿಂತುಹೋಗಿದೆ."

ಅವಳು ವೈರು ಕಿತ್ತು ಮತ್ತೆ ಚುಚ್ಚಿದಳು. ಸ್ವಲ್ಪ ಹೊತ್ತಿಗೆ ದೀಪ ಮಿಣ ಎಂದಿತು. ಅಷ್ಟು ದಿನ ಒಳಗೆ ಬರಲಾಗದೆ ನಿಂತಿದ್ದವರ ಮಾತು ಅವಳ ಫೋನಿಗೆ ಒಂದರ ಹಿಂದೊಂದು ಬಂತು. 'ಯಾರಾದರೂ ಇದ್ದೀರಾ?' 'ಏನಾಯ್ತು?' 'ಬೆಳಿಗ್ಗೆ ನೋಡೋಕೆ ಏನೂ ಇಲ್ಲದೆ ಮನೆಯವಳ ಜೊತೆ ಮಾತಾಡಬೇಕಾಯ್ತು.' ಅಷ್ಟರಲ್ಲಿ ಗಂಟೆಯಣ್ಣ ಅಂಗಡಿಯಿಂದ ಓಡಿಬಂದು, "ಬಂತು, ಬಂತು!" ಎಂದು ಫೋನು ತೋರಿಸಿದ.

ಸೊಸೆ ಅದನ್ನೆಲ್ಲ ಓದುತ್ತ ಕೆಳಗೇ ಕೂತಳು. "ಇಷ್ಟು ಜನಕ್ಕೆ ಇದು ಬೇಕಿತ್ತಾ? ಮುಚ್ತೀನಿ ಅಂದಾಗ ಒಬ್ರೂ ಬೇಡ ಅನ್ಲಿಲ್ಲ. ಯಾರಿಗೂ ಬೇಡ, ನಾನೇ ಸುಮ್ನೆ ಹಿಡ್ಕೊಂಡು ಕೂತಿದ್ದೀನಿ ಅಂದ್ಕೊಂಡೆ. ಅತ್ತೆ, ನೀವು ಬಸ್ಸು ಹತ್ತಿ ಬರೋಷ್ಟು ಇದ್ದಿದ್ರೆ ಒಂದು ಮಾತು ಹೇಳ್ಬಾರ್ದಾ?"

ಅಕ್ಕನಿಗೆ ಕೇಳಲಿಲ್ಲ. ನಾನು ಪ್ಯಾಂಟಿನ ಇನ್ನೊಂದು ಕಾಲಿನ ಮೇಲೆ ಬರೆದೆ: 'ಯಾಕೆ ಹೇಳಲಿಲ್ಲ ಅಂತಾಳೆ.'

"ಹೇಳೋದೇನು? ನಿನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ?" ಅಕ್ಕ ಅವಳ ತಲೆ ಸವರಿದಳು. "ನಮ್ಮ ಎರಡು ಮಾತಿಗೆ ನೀನು ನಿದ್ದೆ ಕೆಡಬೇಕಾ?"

ಸೊಸೆ ನನ್ನ ಕೈಯಿಂದ ಚಾಕ್ ತೆಗೆದುಕೊಂಡಳು. ಬರೆಯಲು ಜಾಗ ಹುಡುಕಿ, ಮೊಣಕಾಲಿನ ಹತ್ತಿರ ಬರೆದಳು: 'ಡಬ್ಬಿ ಭಾರ ಅಲ್ಲ. ಒಬ್ಬಳೇ ಅನ್ನೋದು ಭಾರ.'

ಅಕ್ಕ ಅದನ್ನು ಎರಡು ಸಲ ಓದಿದಳು. ಆಮೇಲೆ ಗಂಟೆಯಣ್ಣನ ಕಡೆ ತಿರುಗಿದಳು. "ಏನಪ್ಪ, ಇಡೀ ದಿನ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸ್ಕೊಂಡು ಕೂತಿರ್ತೀಯಲ್ಲ, ಈ ಹುಡುಗಿಗೆ ಒಂದು ಕೈ ಹಾಕೋಕಾಗಲ್ವಾ?"

"ಯಾರೂ ಕರೀಲಿಲ್ಲ ಅಕ್ಕ!" ಅವನು ಅವಳ ಕಿವಿ ಮರೆತು ಹೇಳಿದ. ಆಮೇಲೆ ಸೊಸೆಗೆ, "ಗುಟ್ಟಿನ ಪದ ಮರೆತವರನ್ನ, ಕಸ ಸುರಿಯೋರನ್ನ ನನಗೆ ಬಿಡಮ್ಮ. ಕಲ್ಸಿಕೊಡು. ಅಂಗಡೀಲಿ ಈಗ ಗಡಿಯಾರ ತರೋರೇ ಇಲ್ಲ" ಎಂದ.

"ನಮ್ಮ ಮನೆಗೂ ಇಂಥದ್ದೊಂದು ಕೊಡು," ಅಕ್ಕ ಮುಂದುವರಿಸಿದಳು. "ಇದು ನಿಂತ್ರೆ ಅದು ಇರ್ಲಿ. ಅವೆರಡೂ ಒಂದಕ್ಕೊಂದು ಮಾತಾಡಲ್ವಾ? ನಾವಿಬ್ರು ಮಾತಾಡಲ್ವಾ ಹಾಗೆ?"

ಸೊಸೆ ಕಣ್ಣರಳಿಸಿ ಆಕೆಯನ್ನು ನೋಡಿದಳು. "ಮಾತಾಡ್ತವೆ ಅತ್ತೆ! ಅದಕ್ಕೇ ಅಲ್ವಾ ಇದನ್ನ ಹಾಗೆ ಮಾಡಿರೋದು" ಎಂದು ನೆಲದ ಮೇಲಿಂದ ಎದ್ದೇಬಿಟ್ಟಳು.

ಇಂಥದೇ ಇನ್ನೊಂದು ಹಳೆಯ ಡಬ್ಬಿ ಅವಳ ಬೀರುವಿನಲ್ಲಿತ್ತು. ಅಕ್ಕ ಇಲ್ಲಿದ್ದಷ್ಟು ದಿನವೂ ಸೊಸೆಯೂ ಅಕ್ಕನ ಮಗಳೂ ಅದರ ಮುಂದೆ ತಲೆಗೆ ತಲೆ ತಾಗಿಸಿ ಕೂತಿದ್ದರು. ಅಕ್ಕನ ಕಡೆಯವರೆಲ್ಲ ಆ ಡಬ್ಬಿಗೆ, ನಮ್ಮ ಕಡೆಯವರು ಈ ಡಬ್ಬಿಗೆ. ಆ ಕಡೆ ಬರೆದದ್ದು ಈ ಕಡೆ ಬರುತ್ತದೆ. ಗಂಟೆಯಣ್ಣ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಎಲ್ಲವನ್ನೂ ಕಲಿತ. ನಾನು ನೀಲಿ ಗವಸನ್ನು ಬಿಚ್ಚಿ, ಹತ್ತಿ ತೆಗೆದು, ನಾಲ್ಕು ಮಗ್ಗುಲಿಗೂ ತೆಳು ನೆಟ್ ಬಟ್ಟೆ ಕೊಟ್ಟು, ಮುಂದೆ ದೀಪಕ್ಕೆ ಕಿಂಡಿ ಬಿಟ್ಟು ಮತ್ತೆ ಹೊಲಿದೆ. ಅಂಥದೇ ಇನ್ನೊಂದನ್ನು ಅಕ್ಕನ ಡಬ್ಬಿಗೆ. ಸೊಸೆ ಅದರೊಳಗೆ ಕೈ ಹಾಕಿ, ಗಾಳಿ ಊದಿ ನೋಡಿ, "ಇದು ಪಾಸು" ಎಂದಳು. ಪ್ಯಾಂಟನ್ನು ಚೆನ್ನಾಗಿ ಕೊಡವಿ ಇಸ್ತ್ರಿ ಮಾಡಿ ಕೊಟ್ಟೆ. ಅದರವರಿಗೆ ಏನೂ ತಿಳಿಯಲಿಲ್ಲ.

ಅಕ್ಕ ಊರು ಸೇರಿದ ಮಾರನೆಯ ಬೆಳಿಗ್ಗೆ ನಾನು ಯಂತ್ರದ ಮುಂದೆ ಕೂತು ಫೋನನ್ನೇ ನೋಡುತ್ತಿದ್ದೆ. ಬಂತು.

'ಎದ್ದೆ. ಡಬ್ಬಿಯೂ ಎದ್ದಿದೆ.'

'ನಾನೂ' ಎಂದು ಒತ್ತಿದೆ.

ಅದರ ಕೆಳಗೆ ಇನ್ನೊಂದು ಮಾತು ಮೂಡಿತು, ಸೊಸೆಯದು. ಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು. ಬಾಗಿಲ ಬಳಿ ಅವಳ ಚಪ್ಪಲಿ ಬಿಟ್ಟ ಸದ್ದೂ ನನಗೆ ಕೇಳಿತ್ತು.

'ಇಬ್ಬರೂ ಎದ್ದಿರಿ ತಾನೆ? ಹಾಗಾದರೆ ನಾನಿನ್ನು ಮಲಗುತ್ತೇನೆ.'

ಪಕ್ಕದ ಕೋಣೆಯ ಬಾಗಿಲು ಮುಚ್ಚಿತು. ನಾನು ಯಂತ್ರದಿಂದ ಕಾಲು ತೆಗೆದೆ. ಕೈಸೂಜಿಗೆ ದಾರ ಪೋಣಿಸಿಕೊಂಡು, ಸದ್ದಿಲ್ಲದ ಕೆಲಸ ಯಾವುದಿದೆ ಎಂದು ಬಟ್ಟೆಯ ರಾಶಿಯಲ್ಲಿ ಹುಡುಕತೊಡಗಿದೆ.